ಯಾರಿಗೂ ವಿನಾಯಿತಿ ಇಲ್ಲ

ನೋಡಿ, ನಾನು ಬೋರ್ಡು ಬರೆಯುವವನು. ‘ಇಲ್ಲಿ ಕನ್ನಡಕ ರಿಪೇರಿ ಮಾಡಲಾಗುವುದು’, ‘ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು’ ಮುಂತಾದ ಅಮರ ಸಾಹಿತ್ಯವೆಲ್ಲ ನನ್ನಂಥವರ ಕುಂಚದಿಂದಲೇ ಹರಿದು ಬಂದದ್ದು. ಇಷ್ಟು ವರ್ಷಗಳ (ಸರಿಯಾಗಿ ಹೇಳಿದರೆ ಮೂರೂವರೆ) ಸೇವೆಯಲ್ಲಿ, ನಾನು ಬರೆದ ಬೋರ್ಡನ್ನು ಓದಿ ಅದರಂತೆ ನಡೆದುಕೊಂಡ ಒಬ್ಬ ಮನುಷ್ಯನನ್ನೂ ನಾನು ಕಂಡಿರಲಿಲ್ಲ. ಗಾಡಿ ನಿಲ್ಲಿಸಬಾರದು ಎಂಬ ಬೋರ್ಡಿಗೇ ಗಾಡಿ ಒರಗಿಸಿ ಹೋಗುವ ಜನ ನಮ್ಮವರು. ಹಾಗಾಗಿ, ಯಾರಾದರೂ ನನ್ನ ಬೋರ್ಡನ್ನು ಅಕ್ಷರ ಬಿಡದೆ ಪಾಲಿಸಿಬಿಟ್ಟರೆ ಏನು ಗತಿ ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ. ಮೊನ್ನೆ ಗುರುವಾರ ಆರು ಜನ ಪಾಲಿಸಿಬಿಟ್ಟರು. ನನಗಿನ್ನೂ ಆ ಗಾಬರಿ ಇಳಿದಿಲ್ಲ.

ಆ ಆರು ಜನ ನಮ್ಮಕ್ಕನ ಮಕ್ಕಳು. ನಾನಿರುವುದು ಅಕ್ಕನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಭಾವ ಬಸ್ ಡ್ರೈವರು. ಮನೆಗೆ ಬಂದರೂ ಬಸ್ಸಿಂದ ಇಳಿದ ಹಾಗೆ ಅನ್ನಿಸುವುದಿಲ್ಲ, ಇಲ್ಲೂ ನಿಂತುಕೊಂಡು ಪ್ರಯಾಣ ಮಾಡುವವರೇ ಜಾಸ್ತಿ ಎನ್ನುತ್ತಾರೆ. ಆರರಲ್ಲಿ ಒಂದೂ ಇದುವರೆಗೆ ಶಾಲೆಯ ಮೆಟ್ಟಿಲು ಹತ್ತಿಲ್ಲ. ಎಲ್ಲಕ್ಕೂ ಪಾಠ ಮನೆಯಲ್ಲೇ, ಅಕ್ಕನ ಕೈಯಲ್ಲೇ. ಹದಿನಾಲ್ಕು ವರ್ಷದ ದೊಡ್ಡವಳಿಂದ ಹಿಡಿದು ಐದು ವರ್ಷದ ಗುಬ್ಬಿಯವರೆಗೆ. ನಡುವೆ ಲಾಯರ್ (ಹನ್ನೆರಡು ವರ್ಷ, ‘ಊಟಕ್ಕೆ ಬಾ’ ಎಂದರೆ ‘ಯಾವ ಆಧಾರದ ಮೇಲೆ?’ ಎಂದು ಕೇಳುವ ಜಾತಿ), ಅವಳಿಗಳಾದ ಡಬ್ಬಲ್ಲುಗಳು, ಮತ್ತೆ ಏಳು ವರ್ಷದ ಮೌನಿ.

ಈ ಮನೆಯಲ್ಲಿ ಪಾಠ ಎಲ್ಲಿ ನಡೆಯುತ್ತದೆ ಎಂದು ಕೇಳಿದರೆ, ಎಲ್ಲಿ ನಡೆಯುವುದಿಲ್ಲ ಎಂದು ಹೇಳುವುದು ಸುಲಭ. ಫ್ರಿಜ್ಜಿನ ಬಾಗಿಲ ಮೇಲೆ ಗುಣಾಕಾರ, ಮೆಟ್ಟಿಲಿಗೊಂದೊಂದು ದೇಶ. ಮೌನಿ ಓದುವುದು ಬಟ್ಟೆಯ ಬೀರುವಿನೊಳಗೆ, ಟಾರ್ಚ್ ಹಿಡಿದುಕೊಂಡು. ಒಂದು ದಿನ ಅಂಗಿ ತೆಗೆಯಲು ಬೀರು ತೆರೆದರೆ ಒಳಗಿಂದ ‘ಇನ್ನೆರಡು ಪುಟ’ ಎಂಬ ದನಿ ಬಂದು ನನ್ನ ಜೀವ ಬಾಯಿಗೆ ಬಂದಿತ್ತು.

ವರ್ಷಕ್ಕೊಮ್ಮೆ ಶಿಕ್ಷಣ ಕಚೇರಿಯಿಂದ ಒಬ್ಬರು ಬಂದು ನೋಡಿಕೊಂಡು ಹೋಗುತ್ತಾರೆ. ಅವರಿಗೆ ಸರಿ ಅನ್ನಿಸಿದರೆ ಇನ್ನೊಂದು ವರ್ಷಕ್ಕೆ ಅನುಮತಿ. ಇಲ್ಲದಿದ್ದರೆ ಮುಂದಿನ ಸೋಮವಾರವೇ ಆರೂ ಮಕ್ಕಳು ಶಾಲೆಗೆ. ಇಷ್ಟು ವರ್ಷ ಬರುತ್ತಿದ್ದ ಮುದುಕರು ಟೀ ಕುಡಿದು, ಗುಬ್ಬಿಯ ಕೆನ್ನೆ ಹಿಂಡಿ, ಸಹಿ ಹಾಕಿ ಹೋಗುತ್ತಿದ್ದರು. ಈ ವರ್ಷ ಅವರು ನಿವೃತ್ತರಾದರು. ಹೊಸ ಅಧಿಕಾರಿಯ ಕಾಗದ ಬಂತು: ‘ಗುರುವಾರ ಬೆಳಿಗ್ಗೆ ಹತ್ತಕ್ಕೆ ಕಲಿಕೆಯ ವಾತಾವರಣವನ್ನು ಪರಿಶೀಲಿಸಲಾಗುವುದು.’

ಅಕ್ಕ ಕಾಗದ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. “ಹತ್ತು ವರ್ಷ ಕಣೋ. ಕೆಲಸ ಬಿಟ್ಟು, ನಿದ್ದೆ ಬಿಟ್ಟು ಕಲಿಸಿದೀನಿ. ಯಾರೋ ಬಂದು ಫ್ರಿಜ್ ನೋಡಿ ಮುಖ ಸಿಂಡರಿಸಿದ್ರೆ ಎಲ್ಲಾ ಮುಗೀತು.”

ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗಲೇ. (ಆ ದೀಪವನ್ನು ಆಗಲೇ ಯಾರಾದರೂ ಊದಿ ಆರಿಸಿದ್ದರೆ ಎಷ್ಟು ಚೆನ್ನಾಗಿತ್ತು.)

“ಅಕ್ಕಾ, ಅವರಿಗೆ ಬೇಕಾಗಿರೋದು ಸ್ಕೂಲ್ ಥರ ಕಾಣೋದು. ಕಾಣಿಸೋಣ. ಒಂದೇ ಒಂದು ದಿನ. ಬೆಂಚು, ಗಂಟೆ, ಯೂನಿಫಾರಂ, ಶಿಸ್ತು! ಈ ಮನೇಲಿ ಸ್ಕೂಲು ಹೇಗಿರುತ್ತೆ ಅಂತ ಸರಿಯಾಗಿ ಗೊತ್ತಿರೋದು ನನಗೊಬ್ಬನಿಗೇ.”

“ನಿನಗೆ ಗೊತ್ತಿರೋದು ಸ್ಕೂಲಿನ ಹೊರಗಡೆ ಕಣೋ. ಒಳಗೆ ನೀನು ಕೂತಿದ್ದೇ ಕಮ್ಮಿ.”

“ಅದಕ್ಕೇ ನಿಯಮಗಳೆಲ್ಲ ಬಾಯಿಪಾಠ!”

ಅಕ್ಕನಿಗೆ ಬೇರೆ ದಾರಿ ಇರಲಿಲ್ಲ, ಒಪ್ಪಿದಳು. ನಾನು ಬುಧವಾರವಿಡೀ ಕೂತು ಒಂದು ಭರ್ಜರಿ ಬೋರ್ಡು ಬರೆದೆ. ‘ಗಂಟೆ ಹೊಡೆದ ಕೂಡಲೇ ಬಾಗಿಲು ಮುಚ್ಚತಕ್ಕದ್ದು. ತಡವಾಗಿ ಬಂದವರು ಹತ್ತು ನಿಮಿಷ ಹೊರಗೆ ನಿಲ್ಲತಕ್ಕದ್ದು. ಅಪ್ಪಣೆಯಿಲ್ಲದೆ ಮಾತನಾಡಕೂಡದು.’ ಇಷ್ಟು ಬರೆದ ಮೇಲೂ ಕೆಳಗೆ ಒಂದು ಗೇಣು ಜಾಗ ಉಳಿಯಿತು. ನಮ್ಮ ಕಸುಬಿನಲ್ಲಿ ಬೋರ್ಡಿನ ಮೇಲೆ ಖಾಲಿ ಜಾಗ ಬಿಡುವುದೆಂದರೆ ಅಂಗಿಗೆ ಗುಂಡಿ ಹಾಕದೆ ಬೀದಿಗೆ ಬಂದ ಹಾಗೆ. ಏನಾದರೂ ತುಂಬಬೇಕಲ್ಲ, ತುಂಬಿದೆ. ಕೆಂಪು ಬಣ್ಣದಲ್ಲಿ, ಅಕ್ಷರಕ್ಕೆ ನೆರಳು ಕೊಟ್ಟು, ಕೆಳಗೆ ಗೆರೆ ಎಳೆದು: ‘ಯಾರಿಗೂ ವಿನಾಯಿತಿ ಇಲ್ಲ.’

ಆರೂ ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದವು.

“ಮಾವ, ನಿಜವಾದ ಸ್ಕೂಲಲ್ಲಿ ಬಾಗಿಲು ಮುಚ್ಚೇಬಿಡ್ತಾರಾ?” ಎಂದಳು ಗುಬ್ಬಿ, ಕಣ್ಣಲ್ಲಿ ನಕ್ಷತ್ರ.

“ಮತ್ತೆ? ಪಟಾರ್ ಅಂತ!”

“ಅಳ್ತಾ ನಿಂತ್ರೂ?”

“ಅಳ್ತಾ ನಿಂತ್ರೂ!”

“ಹಾಗಾದ್ರೆ ಬಾಗಿಲಿಗೆ ನಾನೇ.”

ಗುರುವಾರ ಒಂಬತ್ತೂವರೆಗೆ ಎಲ್ಲ ಸಿದ್ಧವಾಯಿತು. ಊಟದ ಮೇಜನ್ನು ಗೋಡೆಗೆ ಒತ್ತಿ, ಸ್ಟೂಲುಗಳನ್ನು ಸಾಲಾಗಿ ಇಟ್ಟೆ. ಯೂನಿಫಾರಂ ಎಂದು ನನ್ನ ಬಿಳಿ ಅಂಗಿಗಳನ್ನೇ ಎಲ್ಲರಿಗೂ ತೊಡಿಸಿದೆ. ಗುಬ್ಬಿಯ ಅಂಗಿ ನೆಲ ಗುಡಿಸುತ್ತಿತ್ತು. “ನೀನು ಮುಖ್ಯೋಪಾಧ್ಯಾಯಿನಿ ಅಕ್ಕಾ. ದೊಡ್ಡವರು ಕೊನೇಲಿ ಬಂದ್ರೇ ಗತ್ತು. ಗುಬ್ಬಿ ಮೂರನೇ ಸಲ ಗಂಟೆ ಹೊಡೆಯೋವರೆಗೂ ಮಹಡಿ ಬಿಟ್ಟು ಇಳೀಬೇಡ” ಎಂದು ಅವಳನ್ನು ಮೇಲಕ್ಕೆ ಅಟ್ಟಿದೆ. ಅವಳು ತಲೆ ಒಣಗಿಸುವ ಯಂತ್ರ ಹಚ್ಚಿಕೊಂಡು ಕೂತಳು. ಆ ಯಂತ್ರದ ಗದ್ದಲಕ್ಕೆ ಪಕ್ಕದಲ್ಲಿ ರೈಲು ಹೋದರೂ ಕೇಳಿಸುವುದಿಲ್ಲ.

ಆಗ ನೆನಪಾಯಿತು, ಸೀಮೆಸುಣ್ಣವೇ ಇಲ್ಲ! ಸೀಮೆಸುಣ್ಣವಿಲ್ಲದ ಶಾಲೆ ಉಂಟೇ? ಸೈಕಲ್ ಹತ್ತಿ ಓಡಿದೆ. ಮೂರು ಅಂಗಡಿ ಸುತ್ತಿ ವಾಪಸ್ಸು ಬಂದಾಗ ಹತ್ತು ಗಂಟೆ ನಾಲ್ಕು ನಿಮಿಷ. ಬಾಗಿಲು ಮುಚ್ಚಿತ್ತು. ಅದರ ಮುಂದೆ ಒಬ್ಬ ಹೆಂಗಸು ಹೆಗಲಿಗೆ ಬಟ್ಟೆಯ ಚೀಲ ತಗುಲಿಸಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ನೆಟ್ಟಗೆ ನಿಂತಿದ್ದರು.

“ಯಾರು ಬೇಕಿತ್ತು?” ಎಂದೆ.

“ನನ್ನನ್ನ ಒಳಗೆ ಬಿಡಲಿಲ್ಲ. ನಾಲ್ಕು ನಿಮಿಷ ಲೇಟಂತೆ” ಎಂದರು, ಸ್ವಲ್ಪ ಅವಮಾನದಿಂದಲೇ. ಚೀಲದ ಬಾಯಲ್ಲಿ ಪುಸ್ತಕಗಳು ಇಣುಕುತ್ತಿದ್ದವು.

“ಓ, ಪುಸ್ತಕ ಮಾರೋರಾ?”

“ಹೆಚ್ಚು ಕಮ್ಮಿ ಪುಸ್ತಕದ ಕೆಲಸಾನೇ.”

ನಾನು ಬಾಗಿಲು ಬಡಿದೆ. ಅಂಚೆ ಹಾಕುವ ಸೀಳಿನಿಂದ ಎರಡು ಕಣ್ಣು ಕಾಣಿಸಿದವು. “ಮಾವ, ನೀನೂ ಲೇಟು. ಹತ್ತು ನಿಮಿಷ.”

“ಏ ಗುಬ್ಬಿ! ಬೋರ್ಡು ಬರೆದವನೇ ನಾನು!”

“ಬರೆದೋರಿಗೆ ಇಲ್ಲ ಅಂತ ಅದರಲ್ಲಿ ಬರೆದಿಲ್ಲ” ಎಂದು ಒಳಗಿಂದ ಲಾಯರ್ ತೀರ್ಪು ಕೊಟ್ಟ. ಸೀಳು ಟಪ್ಪೆಂದು ಮುಚ್ಚಿತು.

ನಾನು ಆ ಹೆಂಗಸಿನ ಪಕ್ಕ ಗೋಡೆಗೆ ಒರಗಿ ನಿಂತೆ. ಅಧಿಕಾರಿ ಇನ್ನೂ ಬಂದಿಲ್ಲವಲ್ಲ ಎಂಬ ಸಮಾಧಾನ. (ಅಧಿಕಾರಿ ಎಂದರೆ ಮೀಸೆ, ಜೀಪು, ಹಿಂದೆ ಫೈಲು ಹಿಡಿದ ಒಬ್ಬ ಎಂದೇ ನನ್ನ ತಿಳುವಳಿಕೆ.) ಜೊತೆಯಲ್ಲಿ ಶಿಕ್ಷೆ ಅನುಭವಿಸುವವರ ನಡುವೆ ಬೇಗ ಸಲುಗೆ ಬೆಳೆಯುತ್ತದೆ, ಇದು ನನ್ನ ಶಾಲಾ ದಿನಗಳ ಅನುಭವ. ಅವರು “ಏನಿದು, ಇಷ್ಟೊಂದು ಕಟ್ಟುನಿಟ್ಟು?” ಎಂದದ್ದೇ ತಡ, ನಾನು ಬಿಚ್ಚಿಕೊಂಡೆ.

“ಅಯ್ಯೋ ಇದೆಲ್ಲ ನಾಟಕ ಕಣ್ರೀ! ಇವತ್ತೊಂದು ಬೆಳಿಗ್ಗೆ. ಯಾರೋ ಆಫೀಸಿನೋರು ಬರ್ತಾರಂತೆ, ಅವರ ಕಣ್ಣಿಗೆ ಮಣ್ಣೆರಚೋಕೆ. ದಿನಾ ಈ ಮನೆ ಹೀಗಿರುತ್ತೆ ಅಂದ್ಕೊಂಡ್ರಾ? ಒಬ್ಬ ಬೀರು ಒಳಗೆ ಓದ್ತಾನೆ. ಅವಳಿಗಳು ಭಾಗಾಕಾರ ಕಲ್ತಿದ್ದು ಒಂದು ಬ್ರೆಡ್ಡಿಗೆ ಜಗಳ ಆಡಿ. ನಮ್ಮ ಲಾಯರ್ ಅಳತೆ ಕಲಿಯೋಕೆ ಕಿಟಕಿ ಪರದೆ ಕತ್ತರಿಸಿದ, ಆಮೇಲೆ ಹೊಲಿಯೋದೂ ಕಲ್ತ, ಯಾಕಂದ್ರೆ ಅಕ್ಕ ಬಿಡ್ಲಿಲ್ಲ. ಆ ಚಿಕ್ಕದು, ಗುಬ್ಬಿ, ಓದೋಕೆ ಕಲ್ತಿದ್ದೇ ನನ್ನ ಬೋರ್ಡು ನೋಡಿ. ‘ಪ್ರವೇಶವಿಲ್ಲ’ ಅನ್ನೋದು ಅದರ ಮೊದಲ ಪದ!”

ಅವರು ಚೀಲದಿಂದ ಸಣ್ಣ ಪುಸ್ತಕ ತೆಗೆದು ಏನೋ ಬರೆದುಕೊಳ್ಳತೊಡಗಿದರು. “ಹೂಂ, ಹೇಳಿ, ಹೇಳಿ. ಪರದೆ ಎಷ್ಟು ಉದ್ದ ಇತ್ತು?”

“ಈಗ ಸ್ವಲ್ಪ ಕಮ್ಮಿ ಇದೆ.”

“ಹೊರಗೆ ನಿಂತೋರು ಮಾತಾಡಬಾರದು!” ಸೀಳು ಮತ್ತೆ ತೆರೆಯಿತು. ಈ ಸಲ ಲಾಯರ್ ಪೆನ್ನು ಹಿಡಿದಿದ್ದ. “ಲೇಟಾಗಿ ಬಂದೋರು ಕಾರಣ ಹೇಳಬೇಕು. ಮೊದಲು ಆಂಟಿ. ಏನು ಕೆಲಸ ನಿಮ್ಮದು?”

“ಶಿಕ್ಷಣ ಕಚೇರಿಯ ಪರಿವೀಕ್ಷಕಿ” ಎಂದರು ಅವರು. “ಬಸ್ಸು ತಪ್ಪಿ ಲೇಟಾಯ್ತು, ಕ್ಷಮಿಸು.”

ನನ್ನ ಕೈಯಿಂದ ಸೀಮೆಸುಣ್ಣದ ಡಬ್ಬಿ ಜಾರಿ ಕೆಳಗೆ ಬಿತ್ತು. ಅದನ್ನು ಹೆಕ್ಕುವುದು ಬಿಟ್ಟು ಸೀಳಿಗೆ ಬಾಯಿ ಹಚ್ಚಿದೆ.

“ಲೋ... ತೆಗೆಯೋ ಬಾಗಿಲು! ಇವರೇ ಕಣೋ ಅವರು!”

“ಇನ್ನೂ ಮೂರು ನಿಮಿಷ ಇದೆ ಮಾವ. ಕೊನೇ ಸಾಲು ನೀನೇ ಬರೆದಿದ್ದು. ಕೆಂಪು ಬಣ್ಣದಲ್ಲಿ.”

“ಇರಲಿ ಬಿಡಿ, ನಿಲ್ಲೋಣ” ಎಂದರು ಪರಿವೀಕ್ಷಕಿ, ಪುಸ್ತಕದಿಂದ ತಲೆ ಎತ್ತದೆ. ಆ ಮೂರು ನಿಮಿಷ ನನಗೆ ಮೂರು ತರಗತಿ ಫೇಲಾದಷ್ಟು ಉದ್ದವಾಗಿತ್ತು.

ಬಾಗಿಲು ತೆರೆಯಿತು. ಒಳಗೆ ಐದು ಬಿಳಿ ಅಂಗಿಗಳು ಕೈ ಕಟ್ಟಿ ಸಾಲಾಗಿ ಕೂತಿದ್ದವು. ಆರನೆಯದು ಬಾಗಿಲ ಬಳಿ ಗಂಟೆ ಹಿಡಿದಿತ್ತು. ಪರಿವೀಕ್ಷಕಿ ಏನು ಕೇಳಿದರೂ ಉತ್ತರವಿಲ್ಲ. ಒಂದು ಡಬ್ಬಲ್ ಕೈ ಎತ್ತಿತು. “ಹೇಳು” ಎಂದರೆ, “ಕೈ ಎತ್ತೋಕೂ ಅಪ್ಪಣೆ ಬೇಕಾ?” ಎಂದಿತು. ಪ್ರತಿದಿನ ಒಂಬತ್ತು ಬಾಯಿಯಿಂದ ಮಾತಾಡುವ ಮಕ್ಕಳು ಗೋಡೆಯ ಚಿತ್ರದ ಹಾಗೆ ಕೂತದ್ದನ್ನು ನೋಡಿ ನನ್ನ ಬೆನ್ನಲ್ಲಿ ಬೆವರಿಳಿಯಿತು.

ಮಹಡಿಯಲ್ಲಿ ಯಂತ್ರದ ಗದ್ದಲ ನಿಂತಿತು. ಗುಬ್ಬಿ ಮೂರನೇ ಸಲ ಗಂಟೆ ಹೊಡೆದಳು. ಅಕ್ಕ ಗಂಭೀರವಾಗಿ ಇಳಿದು ಬಂದಳು. ನನ್ನ ಮುಖ ನೋಡಿದಳು. ಅರ್ಧ ಮೆಟ್ಟಿಲಲ್ಲೇ ಅವಳ ಗಾಂಭೀರ್ಯ ಮುಗಿಯಿತು.

“ನಿಯಮದ ಪ್ರಕಾರ ಮಕ್ಕಳನ್ನೇ ಒಂದು ಮಾತು ಕೇಳಬೇಕು” ಎಂದರು ಪರಿವೀಕ್ಷಕಿ. “ಮನೇಲೇ ಕಲಿಯೋದು ಇಷ್ಟ ಇದ್ದೋರು ಕಿಟಕಿ ಕಡೆ ನಿಲ್ಲಿ. ಶಾಲೆಗೆ ಹೋಗೋಕೆ ಇಷ್ಟ ಇದ್ದೋರು ಬಾಗಿಲ ಕಡೆ.”

ಮೌನಿಯೊಬ್ಬ ಕಿಟಕಿಯ ಕಡೆ ನಡೆದ. ಉಳಿದ ಐದೂ ದಡದಡ ಬಾಗಿಲಿನ ಕಡೆ ಓಡಿದವು!

ಅಕ್ಕ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. “ದೊಡ್ಡವಳೇ... ನೀನೂನಾ?” ಎಂದಳು, ಅಷ್ಟೇ.

“ಇಲ್ಲ ಅಮ್ಮ, ಅದು...” ದೊಡ್ಡವಳು ತಲೆ ತಗ್ಗಿಸಿದಳು. “ಸ್ಕೂಲು ಇಷ್ಟು ಮಜಾ ಇರುತ್ತೆ ಅಂತ ಇವತ್ತೇ ಗೊತ್ತಾಗಿದ್ದು.”

ನನಗೆ ನೆಲ ಬಿರಿದು ಒಳಗೆ ಎಳೆದುಕೊಂಡರೆ ಸಾಕಾಗಿತ್ತು. ಹತ್ತು ವರ್ಷದಲ್ಲಿ ಯಾವ ಅಧಿಕಾರಿಯೂ ಮಾಡದ ಕೆಲಸವನ್ನು ನಾನು ಒಂದು ಬೆಳಿಗ್ಗೆ, ಎರಡು ಡಬ್ಬಿ ಬಣ್ಣದಲ್ಲಿ ಮಾಡಿ ಮುಗಿಸಿದ್ದೆ.

ಪರಿವೀಕ್ಷಕಿ ಗುಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. “ಸ್ಕೂಲಲ್ಲಿ ನಿನಗೇನು ಇಷ್ಟ?”

“ಗಂಟೆ! ಬಾಗಿಲು ಮುಚ್ಚೋದು! ದೊಡ್ಡೋರನ್ನ ಹೊರಗೆ ನಿಲ್ಲಿಸೋದು!”

“ಅಲ್ಲಿ ಗಂಟೆ ಹೊಡೆಯೋಕೆ ಬೇರೆಯವರು ಇರ್ತಾರಮ್ಮ.”

ಗುಬ್ಬಿ ಗಂಟೆಯನ್ನು ಎದೆಗವುಚಿಕೊಂಡಳು. “ಬಾಗಿಲು?”

“ಅದನ್ನೂ ಅವರೇ ಮುಚ್ಚೋದು. ಲೇಟಾದ್ರೆ ಹೊರಗೆ ನಿಲ್ಲೋಳು ನೀನು.”

“ಕಾರಣ ಬರ್ಕೊಳ್ಳೋದು?” ಎಂದ ಲಾಯರ್.

“ಟೀಚರು ಬರ್ಕೋತಾರೆ. ನೀನು ಬರೀ ಹೇಳ್ತೀಯ. ಅದೂ ಒಂದೇ ಸಲ. ಎದುರುತ್ತರ ಕೊಡೋ ಹಾಗಿಲ್ಲ.”

ಲಾಯರ್ ಎರಡನೇ ಮಾತಿಲ್ಲದೆ ಕಿಟಕಿಯ ಕಡೆ ನಡೆದ. ಡಬ್ಬಲ್ಲುಗಳು “ನಾವಿಬ್ರೂ ಒಂದೇ ಬೆಂಚಲ್ಲಿ ಕೂರಬಹುದಾ?” ಎಂದು ಕೇಳಿ, “ಗ್ಯಾರಂಟಿ ಇಲ್ಲ” ಎಂದ ಕೂಡಲೇ ಓಡಿದವು. ದೊಡ್ಡವಳು ಹೋಗಿ ಅಕ್ಕನ ಸೊಂಟ ತಬ್ಬಿಕೊಂಡಳು. ಗುಬ್ಬಿ ಮಾತ್ರ ಸ್ವಲ್ಪ ಹೊತ್ತು ಯೋಚಿಸಿ, ಅಂಗಿ ಎತ್ತಿ ಹಿಡಿದು, “ಥೂ, ಅದೆಂಥಾ ಸ್ಕೂಲು!” ಎನ್ನುತ್ತ ಕಿಟಕಿಗೆ ಹೋದಳು.

ಅಕ್ಕ ಕಣ್ಣೊರೆಸಿಕೊಂಡಳು. ನಾನೂ ಉಸಿರು ಬಿಟ್ಟೆ. ಪರಿವೀಕ್ಷಕಿ ಮೇಜಿನ ಮುಂದೆ ಕೂತು ಅನುಮತಿ ಪತ್ರ ತೆಗೆದರು.

“ನಿಮ್ಮ ತಮ್ಮ ಹೊರಗೆ ಹೇಳಿದ್ದನ್ನೆಲ್ಲ ಬರ್ಕೊಂಡಿದೀನಿ” ಎಂದು ಅವರು ಅಕ್ಕನಿಗೆ ಹೇಳಿದಾಗ ನಾನು ಬಿಟ್ಟ ಉಸಿರನ್ನು ವಾಪಸ್ಸು ಎಳೆದುಕೊಂಡೆ. “ಬೀರು, ಬ್ರೆಡ್ಡು, ಪರದೆ, ಎಲ್ಲ. ನಾನು ನೋಡೋಕೆ ಬಂದಿದ್ದೇ ಅದನ್ನ. ಒಳಗೆ ಬಂದ ಮೇಲೆ ನೋಡಿದ್ದೇನೂ ಉಪಯೋಗಕ್ಕೆ ಬರಲಿಲ್ಲ. ಒಂದು ವರ್ಷಕ್ಕೆ ಅನುಮತಿ ಕೊಟ್ಟಿದೀನಿ. ಒಂದೇ ಒಂದು ಷರತ್ತು.”

ಪತ್ರವನ್ನು ಅಕ್ಕ ಗಟ್ಟಿಯಾಗಿ ಓದಿದಳು: “‘ಮುಂದಿನ ಪರಿಶೀಲನೆಯ ದಿನ ಮಕ್ಕಳ ಸೋದರಮಾವ ಮನೆಯಲ್ಲಿ ಇರತಕ್ಕದ್ದಲ್ಲ.’”

ನಾನು ಬೆಪ್ಪಾಗಿ ನಿಂತೆ. ಪಾಪ, ನಮ್ಮಕ್ಕ ನನ್ನ ಪರವಾಗಿ ಏನಾದರೂ ಹೇಳುತ್ತಾಳೆ ಎಂದು ಆಸೆಯಿಂದ ಅವಳ ಕಡೆ ನೋಡಿದೆ. ಅವಳು ಆ ಸಾಲನ್ನು ಇನ್ನೊಮ್ಮೆ ಓದಿ, ತಲೆ ಎತ್ತಿ, ಬಹಳ ವಿನಯದಿಂದ ಕೇಳಿದಳು:

“ಮೇಡಂ, ಬರೀ ಅವತ್ತೊಂದು ದಿನ ಮಾತ್ರಾನಾ?”