ಗ್ಯಾರಂಟಿ ಟೋಸ್ಟರಿಗೆ ಮಾತ್ರ

ಕೊಪ್ಪಳದ ಬಜಾರಿನ ಒಂದು ಅಂಗಡಿಯಲ್ಲಿ ಮಿಕ್ಸರ್, ಕುಕ್ಕರ್, ಇಸ್ತ್ರಿಪೆಟ್ಟಿಗೆ ಮಾರುತ್ತ ನಾನು ಹದಿನಾಲ್ಕು ವರ್ಷದಿಂದ ಕೌಂಟರಿನ ಹಿಂದೆ ನಿಂತಿದ್ದೇನೆ. ಮಿಕ್ಸರ್ ಬೇಕಾದವರು ಬರುತ್ತಾರೆ, ಶೇಂಗಾ ಚಟ್ನಿ ನುಣ್ಣಗಾಗುತ್ತದೋ ಇಲ್ಲವೋ ಎಂದು ಕೇಳುತ್ತಾರೆ, ಕಟ್ಟಿಸಿಕೊಂಡು ಹೋಗುತ್ತಾರೆ. ಅಲ್ಲಿಗೆ ಮುಗೀತು. ಆದರೆ ಟೋಸ್ಟರ್ ಕೇಳಿಕೊಂಡು ಯಾರಾದರೂ ನಮ್ಮ ಮೆಟ್ಟಿಲು ಹತ್ತಿದರೋ, ಏನಾದರೊಂದು ಫಜೀತಿ ಆಗದೆ ಅವರು ಇಳಿಯುವುದಿಲ್ಲ. ಕಾರಣ ಇಷ್ಟೇ. ನಮ್ಮ ಕಡೆ ಮಿಕ್ಸರನ್ನು ಅಡುಗೆ ಮಾಡಲಿಕ್ಕೆ ಕೊಳ್ಳುತ್ತಾರೆ, ಟೋಸ್ಟರನ್ನು ಬೀಗರಿಗೆ ತೋರಿಸಲಿಕ್ಕೆ ಕೊಳ್ಳುತ್ತಾರೆ.

೧. ತೂಕ

ಗಂಗಾವತಿ ಕಡೆಯ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ಬಂದರು. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ನಮ್ಮ ಷಡ್ಡಕ ಎರಡು ಬಾಯಿದು ಟೋಸ್ಟರ್ ತಂದಾನ. ನನಗ ನಾಕು ಬಾಯಿದು ಬೇಕು. ಒಂದ ನಂಬರ್ ಮಾಲು ತೋರಸ್ರಿ."

ನಾನು ಆರು ಕಂಪನಿಯವನ್ನು ಸಾಲಾಗಿ ಇಟ್ಟೆ. ನನಗೆ ತಿಳಿದಂತೆ ಹೇಳತೊಡಗಿದೆ: ಬಾಯಿ ಅಗಲ ಇರಬೇಕು, ದಪ್ಪ ಬ್ರೆಡ್ ಸಿಕ್ಕಿಕೊಳ್ಳಬಾರದು, ಎರಡೂ ಬದಿ ಒಂದೇ ಸಮ ಕೆಂಪಾಗಬೇಕು, ಕೆಳಗಿನ ಪುಡಿ ತಟ್ಟೆ ಸಲೀಸಾಗಿ ಹೊರಬರಬೇಕು. ಸಾಹುಕಾರರು ಒಂದನ್ನೂ ಕೇಳಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಒಂದೊಂದನ್ನೇ ಅಂಗೈ ಮೇಲೆ ಎತ್ತಿ, ಭತ್ತದ ಸ್ಯಾಂಪಲ್ ತೂಗಿದ ಹಾಗೆ ಮೇಲೆ ಕೆಳಗೆ ಆಡಿಸಿದರು.

"ಹಗುರ. ಇದರಾಗ ಮಾಲಿಲ್ಲ. ಇದು ಖಾಲಿ ಡಬ್ಬಿ. ಇದೂ ಹಗುರ."

ಕೊನೆಗೆ ಕೌಂಟರಿನ ತುದಿಯಲ್ಲಿದ್ದದ್ದನ್ನು ಎರಡೂ ಕೈ ಹಚ್ಚಿ ಎತ್ತಿದರು. ಮುಖ ಅರಳಿತು.

"ಹಾಂ! ಇದಕ್ಕಂತಾರ ಮಾಲು! ಇದನ್ನ ಕಟ್ರಿ!"

"ಸಾಹುಕಾರ್ರ, ಅದು ಸ್ಟೆಬಿಲೈಜರ್ ಐತ್ರಿ. ಫ್ರಿಜ್ಜಿಗೆ ಹಚ್ಚೋದು."

ಬೇರೆ ಯಾರಾದರೂ ಆಗಿದ್ದರೆ ನಾಚುತ್ತಿದ್ದರು. ಇವರು ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಗೊತ್ತೈತಿ. ಇಷ್ಟು ತೂಕದ್ದು ಟೋಸ್ಟರಿನ್ಯಾಗ ಐತೇನಂತ ಕೇಳಿದ್ನಿ" ಎಂದರು.

ಇರಲಿಲ್ಲ. ಹೋಗುವಾಗ ನಾಕು ಬಾಯಿಯ ಟೋಸ್ಟರಿನ ಜೊತೆ ಸ್ಟೆಬಿಲೈಜರನ್ನೂ ಒಯ್ದರು. ಷಡ್ಡಕನ ಮನೆಯಲ್ಲಿ ಅದೂ ಇರಲಿಲ್ಲವಂತೆ.

೨. ಬೇವೂರಿನ ಅಜ್ಜಿ

ಕೊಪ್ಪಳದಲ್ಲಿ ಹೊಸದಾಗಿ ನೌಕರಿ ಸಿಕ್ಕ ಹುಡುಗಿಯೊಬ್ಬಳು ಟೋಸ್ಟರ್ ನೋಡಲು ಬಂದಳು. ಜೊತೆಗೆ ಬೇವೂರಿನಿಂದ ಬಂದ ಅವಳ ಅಜ್ಜಿ. ನಾನು ಎರಡು ತುಂಡು ಬ್ರೆಡ್ ಹಾಕಿ ಹಿಡಿಕೆ ಒತ್ತಿದೆ. ಟಣ್ ಎಂದು ಬ್ರೆಡ್ ಮೇಲೆ ಹಾರಿದಾಗ ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ಹತ್ತಿರ ಬಂದು ಅದನ್ನು ಕೈಗೆ ತಗೊಂಡು, ಹೆಬ್ಬೆರಳಿನಿಂದ ಒತ್ತಿ, ಕೌಂಟರಿನ ಗಾಜಿಗೆ ಟಕಟಕ ಬಡಿದು ನೋಡಿದರು.

"ಇದೇನ್ ತಂಗಿ, ಮೊದಲ ಮೆತ್ತಗ ಇತ್ತಲ್ಲ?"

"ಹೌದಬೇ. ಈಗ ಗರಿಗರಿ ಆಗೇತಿ ನೋಡ್ರಿ. ಬರೇ ಎರಡ ನಿಮಿಷ!"

"ಮೆತ್ತಗಿದ್ದದ್ದನ್ನ ಗಟ್ಟಿ ಮಾಡಾಕ ಈ ಮಷಿನ್ನು?"

"ಹೌದಬೇ."

"ಅದಕ್ಕ ಮತ್ತ ಕರೆಂಟು?"

"ಹೌದಬೇ."

ಅಜ್ಜಿ ಮೊಮ್ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು.

"ಯವ್ವಾ, ನನಗ ಉಳಿದಾವ ಮೂರು ಹಲ್ಲು. ಗಟ್ಟಿ ರೊಟ್ಟಿ ಸಾರಿನ್ಯಾಗ ಹಾಕಿ, ಅದು ಮೆತ್ತಗ ಆಗೂತನಕ ಅರ್ಧ ತಾಸು ಗಂಗಾಳದ ಮುಂದ ಕುಂದರ್ತೀನಿ. ಅದನ್ನ ಎರಡ ನಿಮಿಷಕ್ಕ ಮೆತ್ತಗ ಮಾಡೂ ಮಷಿನ್ ಐತೇನು ನೋಡು. ಇದ್ರ ಎರಡು ಕೊಡು, ನಮ್ಮ ತಂಗಿಗೂ ಒಂದು ಒಯ್ತೀನಿ."

ಈ ಪ್ರಶ್ನೆಯನ್ನು ನಾನು ಕಂಪನಿಯ ಸಾಹೇಬರಿಗೆ ಮೂರು ಸಲ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

೩. ಪರೀಕ್ಷೆ

ಒಬ್ಬ ವಿಜ್ಞಾನದ ಲೆಕ್ಚರರು ಒಂದು ತಿಂಗಳು ಮೊಬೈಲಿನಲ್ಲಿ ಟೋಸ್ಟರುಗಳ ಬಗ್ಗೆ ಓದಿ, ನೋಟ್‌ಬುಕ್ ಹಿಡಿದುಕೊಂಡು ಬಂದರು.

"ನೋಡ್ರಿ ಮೇಡಂ, ನೀವು ಹೇಳಿದ್ದನ್ನ ನಂಬೂ ಮನಷ್ಯಾ ನಾನಲ್ಲ. ನನ್ನ ಬ್ರೆಡ್, ನನ್ನ ಕಣ್ಣು, ನನ್ನ ನಾಲಿಗಿ. ಪ್ರಯೋಗ ಮಾಡಿನ ತಗೋತೀನಿ."

ನಮ್ಮ ಅಂಗಡಿಯ ಮಾಲಕರಿಗೆ ಖುಷಿಯಾಯಿತು. ಇಷ್ಟು ವಿಚಾರ ಮಾಡುವ ಗಿರಾಕಿ ನಮಗೆ ಎಲ್ಲಿ ಸಿಗುತ್ತಾರೆ! "ಮಾಡ್ರಿ ಸರ್, ಮಾಡ್ರಿ" ಎಂದರು. ಅದೇ ತಪ್ಪಾದದ್ದು.

ಟೋಸ್ಟರಿನ ಗುಂಡಿಗೆ ಒಂದರಿಂದ ಏಳರ ತನಕ ನಂಬರ್ ಇರುತ್ತದೆ. ನಂಬರ್ ಹೆಚ್ಚಿದಷ್ಟೂ ಬ್ರೆಡ್ ಕೆಂಪಗೆ ಸುಡುತ್ತದೆ. ಸರ್ ದಿನಾ ಕಾಲೇಜಿಗೆ ಹೋಗುವ ಮುಂಚೆ ಬಂದು, ಚೀಲದಿಂದ ಬ್ರೆಡ್ ತೆಗೆದು, ಒಂದೊಂದು ಕಂಪನಿಯದನ್ನು ಒಂದೊಂದು ನಂಬರಿಗೆ ಇಟ್ಟು ಸುಡುತ್ತಿದ್ದರು. ಬಣ್ಣ ನೋಡಿ ಬರೆದುಕೊಳ್ಳುತ್ತಿದ್ದರು. ಬರೆದಾದ ಮೇಲೆ ತಿನ್ನುತ್ತಿದ್ದರು. ನಾಲ್ಕನೇ ದಿನ ಸ್ಟೀಲ್ ಡಬ್ಬಿಯಲ್ಲಿ ಬೆಣ್ಣೆ ಬಂತು. ಎರಡನೇ ವಾರಕ್ಕೆ ನನ್ನ ಕಡೆ ತಿರುಗಿ, "ಚಾ ಇದ್ದಿದ್ರ ರುಚಿ ಸರಿಯಾಗಿ ತಿಳೀತಿತ್ತು ನೋಡ್ರಿ" ಎಂದರು. ಚಹಾನೂ ಬಂತು. ಅವರ ಮನೆಯವರು ಒಮ್ಮೆ ಬಜಾರಿನಲ್ಲಿ ಸಿಕ್ಕು, "ಈಗೀಗ ಮನ್ಯಾಗ ನಾಷ್ಟಾನ ಬ್ಯಾಡಂತಾರ್ರಿ, ಹೊಟ್ಟಿ ಕೆಟ್ಟೈತೋ ಏನೋ" ಎಂದು ಮರುಗಿದರು.

ಮೂರನೇ ವಾರ ಫಲಿತಾಂಶ ಬಂತು. "ಮೂರನೇ ಕಂಪನಿದು, ನಾಕನೇ ನಂಬರ್. ಅದ ಶ್ರೇಷ್ಠ" ಎಂದು ಸಾರಿ, ನೋಟ್‌ಬುಕ್ ಮುಚ್ಚಿ, ನಮ್ಮೆದುರೇ ಮೊಬೈಲಿನಲ್ಲಿ ಆರ್ಡರ್ ಹಾಕಿದರು. "ನಿಮ್ಮ ಸಹಕಾರ ಭಾಳ ಆತು" ಎಂದು ಕೈ ಮುಗಿದು ಹೋದರು.

ಎಂಟು ದಿನಕ್ಕೆ ಮತ್ತೆ ಪ್ರತ್ಯಕ್ಷ. ಕಂಕುಳಲ್ಲಿ ಹೊಸ ಟೋಸ್ಟರಿನ ಪೆಟ್ಟಿಗೆ, ಕೈಯಲ್ಲಿ ಅದೇ ಚೀಲ.

"ಇದು ನಾಕನೇ ನಂಬರಿಗೆ ಕರ್ರಗ ಸುಡಾಕತ್ತೈತಿ. ನಿಮ್ಮದು ಹಂಗ ಸುಡತಿರಲಿಲ್ಲ. ಎರಡೂ ಬಾಜೂಕ ಇಟ್ಟು ಒಂದ್ ನಾಕು ದಿನ ನೋಡೂಣು" ಎನ್ನುತ್ತ ಬ್ರೆಡ್ ಹೊರಗೆ ತೆಗೆದರು.

ನಮ್ಮ ಮಾಲಕರು ಎದ್ದು ಬಂದು, ಬಹಳ ವಿನಯದಿಂದ ಆ ಬ್ರೆಡ್ಡನ್ನು ಮತ್ತೆ ಚೀಲದೊಳಗೆ ಹಾಕಿದರು.

"ಸರ್, ಪರೀಕ್ಷಾ ಮುಗದಾವ್ರಿ. ಇನ್ನ ಸಪ್ಲಿಮೆಂಟರಿಗೆ ಕೂಡ್ಬೇಕಂದ್ರ ಫೀ ಕಟ್ರಿ."

೪. ಕಳೆದುಹೋದ ಹೋಳಿಗೆ

ಯುಗಾದಿ ಮುಗಿದು ಒಂದು ವಾರ ಆಗಿತ್ತು. ಕುಷ್ಟಗಿಯಲ್ಲಿ ಯಾವುದೋ ಕಚೇರಿಯ ಸಾಹೇಬರು ಟವೆಲ್ಲಿನಲ್ಲಿ ಸುತ್ತಿದ ಟೋಸ್ಟರ್ ತಂದು ಕೌಂಟರಿನ ಮೇಲೆ ಕುಕ್ಕಿದರು. ಹಿಂದೆ ಅವರ ಹೆಂಡತಿ ನಿಂತಿದ್ದರು.

"ಎಂಥಾ ಮಾಲು ಕೊಟ್ಟೀರಿ? ಹಚ್ಚಿದ್ರ ಮನಿತುಂಬ ಹೊಗಿ! ನಾ ಯಾರಂತ ಗೊತ್ತೈತಿಲ್ಲೋ? ಕಂಪ್ಲೇಂಟ್ ಬರೀತೀನಿ!"

"ಬ್ರೆಡ್ ಬಿಟ್ಟು ಬ್ಯಾರೆ ಏನರ ಹಾಕಿದ್ರೇನ್ರಿ ಸಾಹೇಬ್ರ?"

"ನಾವೇನು ಹೆಬ್ಬೆಟ್ಟಿನವ್ರ ಏನು? ಓದಿದ ಮಂದಿ ನಾವು. ಬ್ರೆಡ್ ಬಿಟ್ಟು ಒಂದು ಎಳ್ಳಕಾಳೂ ಹಾಕಿಲ್ಲ."

ಟೋಸ್ಟರಿನ ತಳದಲ್ಲಿ ಪುಡಿ ಬೀಳಲೆಂದು ಒಂದು ತೆಳ್ಳನೆಯ ತಟ್ಟೆ ಇರುತ್ತದೆ. ವಾರಕ್ಕೊಮ್ಮೆ ಎಳೆದು ಕೊಡವಬೇಕು. ಕೊಳ್ಳುವ ದಿನವೇ ಹೇಳಿಕೊಟ್ಟಿರುತ್ತೇವೆ, ಯಾರೂ ಕೇಳುವುದಿಲ್ಲ. ನಾನು ಪೇಪರ್ ಹಾಸಿ ತಟ್ಟೆ ಎಳೆದೆ. ಬರಲಿಲ್ಲ. ಟೋಸ್ಟರನ್ನೇ ಬೋರಲು ಹಾಕಿ ಬೆನ್ನು ತಟ್ಟಿದೆ. ಮೊದಲು ಅರ್ಧ ಹಪ್ಪಳ ಬಿತ್ತು. ಆಮೇಲೆ ಎರಡು ಸಂಡಿಗೆ. ಒಂದು ಒಣ ಮೆಣಸಿನಕಾಯಿ. ಕೊನೆಗೆ ನಾಲ್ಕು ಮಡಿಕೆ ಮಾಡಿದ, ಅಂಚು ಕರ್ರಗಾದ ಒಂದು ಇಡೀ ಹೋಳಿಗೆ.

"ಇದು ನಿಮ್ಮ ಅಂಗಡ್ಯಾಗ ಬಿದ್ದಿರಬೇಕು" ಎಂದರು ಸಾಹೇಬರು.

ಹೆಂಡತಿ ಮಾತ್ರ ಮುಂದೆ ಬಂದು ಹೋಳಿಗೆಯನ್ನು ಕೈಯಲ್ಲಿ ಎತ್ತಿಕೊಂಡರು.

"ಅಯ್ಯ ಶಿವನ! ಇದು ನಂದ ಹೋಳಿಗಿ! ಹಬ್ಬದ ದಿನ ಡಬ್ಬ್ಯಾಗಿಂದ ಒಂದು ಕಡಿಮಿ ಬಂದಿತ್ತು. ಸಕ್ಕರಿ ಬ್ಯಾನಿ ಇಟಗೊಂಡು ಕದ್ದು ತಿಂದ್ರಿ ಅಂತ ಅತ್ತಿಯವರಿಗೆ ಮೂರು ದಿನ ಬೈದೀವಲ್ರಿ!"

ಸಾಹೇಬರಿಗೆ ಆಗ ಒಮ್ಮೆಲೇ ನಮ್ಮ ಅಂಗಡಿಯ ಫ್ಯಾನುಗಳ ಮೇಲೆ ಆಸಕ್ತಿ ಹುಟ್ಟಿತು. ಕತ್ತು ಮೇಲೆತ್ತಿ ನೋಡುತ್ತ ನಿಂತರು. ಹೋಳಿಗೆ ಬಿಸಿ ಮಾಡಿಕೊಳ್ಳಲು ಹೋದವರು ಯಾರೆಂದು ನಾನು ಕೇಳುವ ಅಗತ್ಯ ಬೀಳಲಿಲ್ಲ.

"ಪಾಪ, ಮುದುಕಿ ದೇವರ ಆಣಿ ಮಾಡಿ ಹೇಳಿದ್ರು" ಎಂದು ಹೆಂಡತಿ ನನ್ನ ಕಡೆ ತಿರುಗಿದರು. "ಇವರ ಖುದ್ದ ಕರಕೊಂಡು ಹೋಗಿ ರಕ್ತ ಪರೀಕ್ಷಾ ಮಾಡಿಸಿದ್ರು. ಸಕ್ಕರಿ ಏರಿಲ್ಲ ಅಂತ ರಿಪೋರ್ಟ್ ಬಂತು. ಅದಕ್ಕ ಇವರು ರಿಪೋರ್ಟ ಸುಳ್ಳೈತಿ ಅಂತ ಲ್ಯಾಬಿನವರ ಮ್ಯಾಲೂ ಕಂಪ್ಲೇಂಟ್ ಬರದಾರ್ರಿ!"

೫. ಬ್ರೆಡ್ ತಿನ್ನುವ ಹುಡುಗ

ನಮ್ಮ ಕಡೆಯ ಹಳ್ಳಿಗಳಲ್ಲಿ ಬ್ರೆಡ್ ಎಂದರೆ ಜ್ವರ. ಆಸ್ಪತ್ರೆಗೆ ಯಾರನ್ನಾದರೂ ನೋಡಲು ಹೋಗುವಾಗ ಬ್ರೆಡ್, ಮೋಸಂಬಿ ಒಯ್ಯುತ್ತಾರೆ. ಗಟ್ಟಿಮುಟ್ಟಾದವರು ಅದನ್ನು ತಿನ್ನುವುದಿಲ್ಲ. ಭಾಗ್ಯನಗರದ ಅರಿವೆ ವ್ಯಾಪಾರಿಯೊಬ್ಬರ ಹೆಂಡತಿಗೆ ಇದು ಗೊತ್ತಿರಲಿಲ್ಲವೆಂದಲ್ಲ, ಮರೆತಿದ್ದರು.

ಅವರ ಮಗನಿಗೆ ಮಂಗಳೂರಿನ ಹುಡುಗಿಯನ್ನು ನೋಡಿದ್ದರು. ಸಮುದ್ರದ ಮಂಗಳೂರಲ್ಲ, ನಮ್ಮ ಯಲಬುರ್ಗಾದ ಮಂಗಳೂರು. ಒಕ್ಕಲುತನದ ದೊಡ್ಡ ಮನೆ. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಒಪ್ಪಿಯಾಗಿತ್ತು. ಇನ್ನು ಹುಡುಗಿಯ ಕಡೆಯವರು ಬಂದು ಮನೆ ನೋಡಿ ಹೋಗುವುದಷ್ಟೇ ಬಾಕಿ. ಹಿಂದಿನ ದಿನ ಆ ತಾಯಿ ನಮ್ಮ ಅಂಗಡಿಗೆ ಬಂದರು.

"ಹಳ್ಳಿ ಮಂದಿ ಬರಾಕತ್ತಾರ್ರಿ. ಉಪ್ಪಿಟ್ಟು ಶಿರಾ ಎಲ್ಲಾರೂ ಕೊಡ್ತಾರ. ನಮ್ಮ ಸ್ಟೈಲ್ ಅವರಿಗೆ ಗೊತ್ತಾಗಬೇಕು. ಎಲ್ಲಾಕ್ಕಿಂತ ಛಲೋದು ಕೊಡ್ರಿ."

ಕೊಟ್ಟೆ. ಅದರ ಮರುದಿನ ನಡೆದದ್ದನ್ನು ಆಮೇಲೆ ಹುಡುಗನ ತಂದೆಯೇ ನನಗೆ ಹೇಳಿದ್ದು. ಬೀಗರು ಬಂದು ಕೂತರಂತೆ. ಒಳಗಿನಿಂದ ಟಣ್, ಟಣ್ ಎಂದು ಸದ್ದು. ಬೆಣ್ಣೆ ಸವರಿದ ಬ್ರೆಡ್ಡಿನ ತಾಟುಗಳು ಸಾಲಾಗಿ ಬಂದವು. ಹುಡುಗಿಯ ತಂದೆ ತಾಟು ನೋಡಿದರು, ಹುಡುಗನನ್ನು ನೋಡಿದರು.

"ಎಷ್ಟು ದಿನದಿಂದರಿ?"

ತಾಯಿ ಹೆಮ್ಮೆಯಿಂದ, "ಸಣ್ಣಾವ ಇದ್ದಾಗಿಂದ್ರಿ! ದಿನಾ ಮುಂಜಾನಿ ಅವಗ ಇದ ಬೇಕು" ಎಂದರು. ಮನೆಗೆ ಟೋಸ್ಟರ್ ಬಂದು ಒಂದು ದಿನ ಆಗಿತ್ತು.

"ರೊಟ್ಟಿ?"

"ಮುಟ್ಟೂದಿಲ್ರಿ."

"ಡಾಕ್ಟರ್ ಏನಂತಾರ?"

"ಡಾಕ್ಟರ್ ಮಂದಿ ಎಲ್ಲಾ ಇದನ್ನ ತಿಂತಾರ್ರಿ ಈಗ."

ಬೀಗರು ತಾಟು ಕೆಳಗಿಟ್ಟು ಎದ್ದರು. ಹೋಗುವಾಗ ಹುಡುಗಿಯ ಅಜ್ಜ ಹುಡುಗನ ತಲೆ ಸವರಿ, "ಹೆದರಬ್ಯಾಡಪಾ, ಈಗ ಎಲ್ಲಾದಕ್ಕೂ ಔಷಧ ಬಂದಾವ" ಎಂದು ಧೈರ್ಯ ಹೇಳಿದರಂತೆ. ಸಂಜೆ ನಡುವಿನವರ ಕೈಯಲ್ಲಿ ಹೇಳಿಕಳಿಸಿದರು: ಹುಡುಗ ಆರಾಮ ಆದ ಮೇಲೆ ನೋಡೋಣ.

ಹುಡುಗನಿಗೆ ಆ ಹುಡುಗಿಯ ಮೇಲೆ ಮನಸ್ಸಾಗಿಬಿಟ್ಟಿತ್ತು. ಚಿಂತೆ ಹಚ್ಚಿಕೊಂಡು ಎರಡು ದಿನ ಊಟ ಬಿಟ್ಟ. ಆ ಸುದ್ದಿಯೂ ಮಂಗಳೂರು ಮುಟ್ಟಿತು. "ಊಟಾನೂ ಬಿಟ್ಟನಂತ, ಕೊನೀ ಹಂತ ಇರಬೇಕು" ಎಂದರಂತೆ.

ಮೂರನೇ ದಿನ ಹುಡುಗನ ತಂದೆ ಅಂಗಡಿಗೆ ಓಡಿ ಬಂದರು. "ಅಕ್ಕಾರ, ಬಿಲ್ ತಗೊಂಡು ನಮ್ಮ ಜೋಡಿ ಬರ್ರಿ. ಟೋಸ್ಟರ್ ಹಿಂದಿನ ದಿನ ತಂದದ್ದು ಅಂತ ನೀವ ಹೇಳ್ಬೇಕು. ನಮ್ಮ ಮಾತು ಅವರು ನಂಬವಲ್ರು." ಮಾಲಕರೂ ಹೋಗಿ ಬಾ ಎಂದರು. ಕಾರಿನಲ್ಲಿ ಹಿಂದೆ ಹುಡುಗನೂ ಮುಖ ಬಾಡಿಸಿಕೊಂಡು ಕೂತಿದ್ದ. ನಾಚಿಕೆಯಿಂದ ಅಲ್ಲಿ ಇಳಿಯಲೇ ಇಲ್ಲ.

ಹುಡುಗಿಯ ತಂದೆ ಬಿಲ್ಲನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಈ ಮಷಿನ್ನಿಗೆ ಎಷ್ಟು ವರ್ಷ ಗ್ಯಾರಂಟಿ ಕೊಡ್ತೀರಿ?"

"ಎರಡು ವರ್ಷ್ರಿ."

"ಹುಡುಗಗ?"

"ನಮ್ಮ ಗ್ಯಾರಂಟಿ ಟೋಸ್ಟರಿಗೆ ಮಾತ್ರ ರಿ ಯಜಮಾನ್ರ."

ಅವರು ಬಿಲ್ ಮಡಚಿ ವಾಪಸ್ ಕೊಟ್ಟರು. ಮಾತು ಅಲ್ಲಿಗೇ ಮುರಿಯುವುದರಲ್ಲಿತ್ತು. ಆಗ ಬಾಗಿಲ ಹಿಂದಿನಿಂದ ಹುಡುಗಿಯೇ ಹೊರಗೆ ಬಂದಳು.

"ಅಪ್ಪಾ, ಇಷ್ಟ್ಯಾಕ ವಿಚಾರಣಿ? ಅವರು ಕಾರಿನ್ಯಾಗ ಅದಾರ. ಕರೀರಿ, ಊಟಕ್ಕ ನೀಡ್ತೀನಿ. ತಿಂದ್ರ ತಿಳೀತೈತಿ."

ಹುಡುಗ ಬಂದು ಕೂತ. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಎರಡು ದಿನದ ಹಸಿವು, ಎದುರಿಗೆ ನೀಡುವವಳು ಆ ಹುಡುಗಿ. ಮೊದಲ ನಾಲ್ಕು ರೊಟ್ಟಿಗೆ ಮನೆಯವರು ಬೆರಗಾದರು. ಆರಕ್ಕೆ ಹುಡುಗಿಯ ತಂದೆಯ ಮುಖ ಸಡಿಲಾಯಿತು. ಒಂಬತ್ತಕ್ಕೆ ಒಲೆಯ ಮುಂದಿನಿಂದ ಅವಳ ತಾಯಿ, "ಇನ್ನೂ ಹಿಟ್ಟು ನಾದಲೇನು?" ಎಂದು ಕೂಗಿ ಕೇಳಿದರು.

"ಸಾಕು ಮಾಡ್ರಿ" ಎಂದರು ಅಜ್ಜ. "ಹುಡುಗಗೇನೂ ಆಗಿಲ್ಲ. ಇನ್ನ ಚಿಂತಿ ನಮ್ಮ ಜೋಳದ ಚೀಲದ್ದು."

ಅಲ್ಲೇ ಮಾತು ಮುಗಿಸಿ ಸಕ್ಕರೆ ಹಂಚಿದರು. ಹುಡುಗಿ ಮಾತ್ರ ಒಂದು ಷರತ್ತು ಹಾಕಿದಳು: ಆ ಡಬ್ಬಿ ಮನೆಯಲ್ಲಿ ಇರಬಾರದು, ನಾಳೆ ಮಂದಿ ನನ್ನನ್ನೂ ರೋಗಿ ಅಂದಾರು.

ಮರುದಿನ ಟೋಸ್ಟರ್ ವಾಪಸ್ ಬಂತು. ಹತ್ತು ದಿನದೊಳಗೆ ಬಂದದ್ದನ್ನು ಕಂಪನಿ ತಗೊಳ್ಳುತ್ತದೆ, ಆದರೆ ಒಂದು ಅರ್ಜಿ ತುಂಬಿ ಕಾರಣ ಬರೆಯಬೇಕು. ನಾನು ಸುಳ್ಳು ಬರೆಯುವವಳಲ್ಲ. ನಡೆದದ್ದನ್ನೇ ಒಂದು ಸಾಲಿನಲ್ಲಿ ಬರೆದು ಕಳಿಸಿದೆ.

ನಾಲ್ಕು ದಿನಕ್ಕೆ ಕಂಪನಿಯ ಕಚೇರಿಯಿಂದ ಫೋನ್ ಬಂತು. "ಮೇಡಂ, ನಾವು ಮೂರು ಜನ ಕೂತು ಓದಿದ್ವಿ, ಮಷಿನ್ನಿನ ದೋಷ ಏನಂತ ಗೊತ್ತಾಗ್ತಾ ಇಲ್ಲ. ನೀವೇನು ಬರೆದಿದ್ದೀರಿ, ಒಮ್ಮೆ ಓದಿ ಹೇಳ್ತೀರಾ?"

ನಾನು ನಕಲು ಪ್ರತಿ ತೆಗೆದು ಓದಿದೆ.

"ವಾಪಸ್ ಮಾಡಲು ಕಾರಣ: ಹುಡುಗ ಆರೋಗ್ಯವಾಗಿದ್ದಾನೆ."