ತಲೆಯಾಡಿಸುವ ಮೇಡಂ

ಟಪಾಲು ಗುಮಾಸ್ತರಿಗೆ ಕಂಪ್ಯೂಟರ್ ಕಲಿಸಬೇಕೆಂಬ ಜ್ಞಾನೋದಯ ಕಚೇರಿಗೆ ಆದದ್ದು, ಅವರ ನಿವೃತ್ತಿಗೆ ಎರಡೇ ವರ್ಷ ಬಾಕಿ ಇದ್ದಾಗ. ಮನೆಯಲ್ಲೇ ಕೂತು ಒಂದು ದಿನ ಪಾಠ ಕೇಳಬೇಕು, ಪರದೆಯ ಮೇಲಿನ ಮೇಡಂ ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ಪಾಸಾದರೆ ಕಿಟಕಿ ಪಕ್ಕದ ಕುರ್ಚಿ ಉಳಿಯುತ್ತದೆ; ಇಲ್ಲವಾದರೆ ನೆಲಮಾಳಿಗೆಯ ಹಳೇ ಕಡತಗಳ ಕೋಣೆ. ಅಲ್ಲಿಗೆ ಹೋದವರೆಲ್ಲ ಕೆಮ್ಮುತ್ತಲೇ ನಿವೃತ್ತರಾಗಿದ್ದರು.

ಗುಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬೆಳಗ್ಗೆ ಒಂಬತ್ತಕ್ಕೇ ಲ್ಯಾಪ್‌ಟಾಪಿನ ಮುಂದೆ ಕೂತರು. ಮುಂದೇನೆಂದು ತಿಳಿಯದೆ ಅವರು ಕಣ್ಣು ಕಣ್ಣು ಬಿಡುವುದನ್ನು ಕಂಡು ಹೆಂಡತಿ ಕೆಳಮನೆಯ ದರ್ಜಿಯನ್ನು ಕೂಗಿದರು.

"ಹೊಲಿಗೆ ಮಿಷನ್ ಬಿಚ್ಚಿ ಜೋಡಿಸೋನಿಗೆ ಇದೇನ್ ಮಹಾ!" ಎಂದ ದರ್ಜಿ, ಪರದೆಯ ಮೇಲಿದ್ದ ಎರಡು ಗುಂಡಿಗಳಲ್ಲಿ ದೊಡ್ಡದನ್ನು ಒತ್ತಿ ಹೊರಟುಹೋದ. ಕನ್ನಡಕದ ಮೇಡಂ ಒಬ್ಬರು ಪ್ರತ್ಯಕ್ಷರಾದರು.

"ಎಲ್ಲರಿಗೂ ನನ್ನ ಧ್ವನಿ ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಮೇಡಂ!" ಗುಮಾಸ್ತರು ಎದ್ದು ನಿಂತರು.

"ಸಂತೋಷ. ಆರಾಮಾಗಿ ಕೂತ್ಕೊಳ್ಳಿ."

ಪಾಠದ ಸದ್ದು ಕೇಳಿದ್ದೇ ತಡ, ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ಟರು ಸ್ವಂತ ಕುರ್ಚಿ ಹೊತ್ತು ಬಂದರು. ಕಲಿಸಲು ಯಾರೂ ಸಿಗದೆ ಅವರ ನಾಲಿಗೆ ತುಕ್ಕು ಹಿಡಿದಿತ್ತು.

"ಪಾಸ್‌ವರ್ಡ್ ಬೇರೆಯವರಿಗೆ ಹೇಳಬಹುದಾ?" ಎಂದರು ಮೇಡಂ.

"ಹೆಂಡ್ತಿಗೆ ಹೇಳ್ಬಹುದಾ ಮೇಡಂ?" ಎಂದರು ಗುಮಾಸ್ತರು.

"ತುಂಬಾ ಒಳ್ಳೆಯ ಪ್ರಶ್ನೆ!" ಮೇಡಂ ತಲೆಯಾಡಿಸಿದರು.

"ಒಳ್ಳೇ ಪ್ರಶ್ನೆಯಂತೆ!" ಹೆಂಡತಿ ಅಡುಗೆಮನೆಯಿಂದಲೇ ಸಿಡಿದರು. "ನಂಗೆ ಗೊತ್ತಾಗಬಾರದ್ದು ಅದರಲ್ಲಿ ಏನಿಟ್ಟಿದೀರಿ?"

ಆ ವಿಚಾರಣೆ ಮುಗಿಯುವಷ್ಟರಲ್ಲಿ ಪಾಠವೂ ಮುಗಿಯುತ್ತ ಬಂದಿತ್ತು. ಹೆಡ್‌ಮಾಸ್ಟರು ಮುಂದೆ ಬಾಗಿ ಬೆರಳೆತ್ತಿದರು. "ಇಷ್ಟು ಅವಸರ ಮಾಡಿದ್ರೆ ಯಾರ ತಲೆಗೆ ಹತ್ತುತ್ತಮ್ಮ? ಮೊದಲಿಂದ ಹೇಳು."

"ಎಲ್ಲರಿಗೂ ನನ್ನ ಧ್ವನಿ ಕೇಳಿಸ್ತಿದೆಯಾ?" ಎಂದು ಮೇಡಂ ಮೊದಲಿನಿಂದ ಶುರುಮಾಡಿದರು.

"ನೋಡಿದ್ರಾ, ಹಿರಿಯರ ಮಾತಿಗೆ ಎಷ್ಟು ಬೆಲೆ!" ಹೆಡ್‌ಮಾಸ್ಟರ ಎದೆ ಎರಡಿಂಚು ಉಬ್ಬಿತು.

ಊಟದ ಹೊತ್ತಿಗೆ ಅದೇ ಪಾಠ ಒಂಬತ್ತು ಸಲ ಆಗಿತ್ತು. ಇಂಥ ತಾಳ್ಮೆಯ ಗುರುವನ್ನು ಗುಮಾಸ್ತರು ಜನ್ಮದಲ್ಲಿ ಕಂಡಿರಲಿಲ್ಲ. ಬಚ್ಚಲಿಗೆ ಹೋಗಲೂ ಅಪ್ಪಣೆ ಕೇಳಿದರು. ಮೇಡಂ ನಗುತ್ತ ತಲೆಯಾಡಿಸಿದರು. ಮಧ್ಯಾಹ್ನದ ಮೇಲಂತೂ ಗುಮಾಸ್ತರು ಪ್ರಶ್ನೆಗೆ ಮೊದಲೇ ಉತ್ತರ ಒಪ್ಪಿಸತೊಡಗಿದರು. ಕಿಟಕಿ ಪಕ್ಕದ ಕುರ್ಚಿ ತನ್ನದೇ ಎಂದು ಅವರಿಗೆ ಖಾತ್ರಿಯಾಯಿತು.

ಐದು ಗಂಟೆಗೆ ಮ್ಯಾನೇಜರ್ ಫೋನ್ ಮಾಡಿದರು. "ಎಲ್ರೀ ಹಾಳಾಗಿ ಹೋಗಿದ್ರಿ? ಕ್ಲಾಸಲ್ಲಿ ನಿಮ್ಮ ಹೆಸರು ಹನ್ನೊಂದು ಸಲ ಕೂಗಿದಾರೆ!"

"ಬೆಳಗ್ಗಿಂದ ಮೇಡಂ ಮುಂದೆನೇ ಇದೀನಿ ಸಾರ್. ಕನ್ನಡಕದ ಮೇಡಂ..."

"ಅಯ್ಯೋ ನಿಮ್ಮ! ಅದು ಕ್ಲಾಸ್ ಹೇಗಿರುತ್ತೆ ಅಂತ ತೋರ್ಸೋಕೆ ಹೋದ ವರ್ಷ ಮಾಡಿಟ್ಟ ವಿಡಿಯೋ. ಅದು ಮುಗಿದ್ರೆ ತಾನೇ ಮತ್ತೆ ಶುರುವಾಗುತ್ತೆ. ನಿಜವಾದ ಕ್ಲಾಸು ಪಕ್ಕದ ಗುಂಡೀಲಿತ್ತು."

"ಸುಳ್ಳು! ನಾನು ಹೇಳಿದ್ದಕ್ಕೆ ತಿದ್ದಿಕೊಂಡ್ಳಲ್ರೀ!" ಎಂದು, ಫೋನಿನ ಆ ಅಬ್ಬರ ಕೇಳಿಸಿಕೊಂಡಿದ್ದ ಹೆಡ್‌ಮಾಸ್ಟರು ಕುರ್ಚಿ ಎತ್ತಿಕೊಂಡು ನಡೆದರು.

ಗುಮಾಸ್ತರಿಗೆ ಅಳುವೇ ಬಂತು. ಆದರೂ ಸಾವರಿಸಿಕೊಂಡು ಒಂದು ಸಮಾಧಾನ ಹುಡುಕಿದರು. "ಹೋಗ್ಲಿ ಬಿಡಿ ಸಾರ್. ನೆಲಮಾಳಿಗೇಲಿ ಈ ಕಂಪ್ಯೂಟರ್ ಕಾಟ ಅಂತೂ ಇಲ್ಲವಲ್ಲ!"

"ಇರ್ಲಿಲ್ಲ. ನಾಳೆ ಬರುತ್ತೆ. ಅಲ್ಲಿರೋ ನಲವತ್ತು ವರ್ಷದ ಕಡತಾನೆಲ್ಲ ನೀವೇ ಅದಕ್ಕೆ ತುಂಬಬೇಕು," ಎಂದರು ಮ್ಯಾನೇಜರ್. "ಹೆದರ್ಬೇಡಿ, ಅದಕ್ಕೆ ಮೂರು ತಿಂಗಳ ತರಬೇತಿ ಇದೆ. ಮನೇಲೇ ಕೂತು ಕಲೀಬಹುದು."