ಉತ್ತರಪತ್ರಿಕೆಯ ಮೇಲೆ ರೇಷ್ಮೆಹುಳು ಗೂಡು ಕಟ್ಟಿದಲ್ಲಿ ಅನುಸರಿಸಬೇಕಾದ ಕ್ರಮದ ಬಗ್ಗೆ

ವಿಶ್ವವಿದ್ಯಾನಿಲಯದ ಮುಂದುವರಿಕೆ ಶಿಕ್ಷಣ ವಿಭಾಗ
ಅಧ್ಯಯನ ಕೇಂದ್ರ, ರಾಮನಗರ

ಸುತ್ತೋಲೆ ಸಂಖ್ಯೆ: ಮುಶಿವಿ/ರಾಮ/ಹುಳು/೧/೨೦೧೬-೧೭

ಉಲ್ಲೇಖ:

(೧) ಕೈಲಾಂಚ ಹೋಬಳಿಯ ರೇಷ್ಮೆ ಬೆಳೆಗಾರ ಶ್ರೀ ದೊಡ್ಡಹನುಮಯ್ಯನವರು ೧೯೯೬ನೇ ಇಸವಿಯಲ್ಲಿ ಮಗನಿಗೆ ಹೆಣ್ಣು ಕೇಳಲು ಮಾಗಡಿ ತಾಲ್ಲೂಕು ತಿಪ್ಪಸಂದ್ರಕ್ಕೆ ಹೋಗಿದ್ದಾಗ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ ಹೆಣ್ಣಿನ ತಂದೆಗೆ ಕೊಟ್ಟ ಮೌಖಿಕ ಭರವಸೆ: “ಪಿಯುಸಿಗೇ ನಿಲ್ಸಾಕಿಲ್ಲ, ಬುಡಿ. ಕೈಗೊಂದು ಸರ್ಟಿಫಿಕೇಟು ಬರೋಗಂಟ ನಾನು ಓದುಸ್ತೀನಿ.”

(೨) ಜಾಗೃತ ದಳದ ವರದಿ (ಬ್ಲೀಚಿಂಗ್ ನೀರು ಬಿದ್ದು ಅಕ್ಷರ ಮಾಸಿದ ಪ್ರತಿ).

(೩) ಮೌಲ್ಯಮಾಪಕರ ಷರಾ: “ಪತ್ರಿಕೆ ಬಿಚ್ಚಲು ಬರುತ್ತಿಲ್ಲ. ಒಳಗೆ ಯಾರೋ ಇದ್ದಾರೆ.”

ಪ್ರಸ್ತಾವನೆ

ಉಲ್ಲೇಖ (೧)ರ ಭರವಸೆಗೆ ಕಾಲಮಿತಿ ನಿಗದಿಯಾಗಿರಲಿಲ್ಲ. ಆದಕಾರಣ ಅದರ ಅನುಷ್ಠಾನವು ಪ್ರತಿ ಬೆಳೆಯಲ್ಲೂ ಮುಂದಿನ ಬೆಳೆಗೆ ಮುಂದೂಡಲ್ಪಟ್ಟಿರುವುದು ಪರಿಶೀಲನೆಯಿಂದ ಕಂಡುಬಂದಿದೆ. ಸೊಸೆ ಶ್ರೀಮತಿ ಚಿಕ್ಕಲಕ್ಷ್ಮಮ್ಮನವರು ಓದಿನ ಮಾತೆತ್ತಿದಾಗಲೆಲ್ಲ ಸದರಿ ದೊಡ್ಡಹನುಮಯ್ಯನವರು “ಈ ಬೆಳೆ ಒಂದು ಚಂದ್ರಿಕೆ ಹತ್ಲಿ ಕಣವ್ವ” ಎಂದು ಹಿಂಬರಹ ನೀಡುತ್ತ ಬಂದಿರುತ್ತಾರೆ. (ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ. ಇದು ಅಧ್ಯಯನ ಸಾಮಗ್ರಿಯಲ್ಲ.) ಒಂದು ಬೆಳೆ ಇಳಿಯುವಷ್ಟರಲ್ಲಿ ಇನ್ನೊಂದಕ್ಕೆ ಸೊಪ್ಪು ಚಿಗುರುವ ಮನೆಯಲ್ಲಿ ಬೆಳೆ ಮುಗಿಯುವುದೆಂಬ ಸಂದರ್ಭವೇ ಉದ್ಭವಿಸುವುದಿಲ್ಲವೆಂಬುದನ್ನು ವಿಭಾಗವು ವಿಷಾದದಿಂದ ಗಮನಿಸಿದೆ.

ಕೊನೆಗೆ, ತಮ್ಮ ಮಕ್ಕಳ ಓದು ಒಂದು ದಡ ಸೇರಿದ ಮೇಲೆ, ಚಿಕ್ಕಲಕ್ಷ್ಮಮ್ಮನವರು ಮಾವನ ಮುಂದಿನ ಹಿಂಬರಹಕ್ಕೆ ಕಾಯದೆ ಈ ಕೇಂದ್ರದ “ಕಚೇರಿ ಆಡಳಿತ ಪ್ರಮಾಣಪತ್ರ” ಕೋರ್ಸಿಗೆ ತಾವೇ ಹೆಸರು ನೋಂದಾಯಿಸಿದರು. ಸದರಿ ಕೋರ್ಸನ್ನು ಮುಚ್ಚಲು ವಿಭಾಗವು ಅದಾಗಲೇ ತೀರ್ಮಾನಿಸಿದ್ದು, ಇದು ಕೊನೆಯ ತಂಡವಾಗಿತ್ತು. ಮರುಪರೀಕ್ಷೆ ಇರುವುದಿಲ್ಲ. ಅಂದರೆ ಈ ಸಲ ಸರ್ಟಿಫಿಕೇಟು ಬಾರದಿದ್ದರೆ ಇನ್ನಾವ ಸಲವೂ ಬಾರದು.

ಈ ತಂಡದ ಬಹುಪಾಲು ಮಹಿಳೆಯರು ಕೈಲಾಂಚದ ಸುತ್ತಮುತ್ತಲಿನವರು. ಎಲ್ಲರೂ ಮರಿಹುಳು ಸಾಕಿ ಮಾರುವ ಒಂದೇ ಚಾಕಿ ಕೇಂದ್ರದಿಂದ, ಒಂದೇ ದಿನ, ಹುಳು ತಂದವರು. ಒಂದೇ ದಿನ ತಂದ ಹುಳುಗಳು ಒಂದೇ ದಿನ ಹಣ್ಣಾಗುತ್ತವೆ. ಆ ದಿನವೇ “ಸಮಯ ನಿರ್ವಹಣೆ” ವಿಷಯದ, ನಡುವೆ ಬಿಡುವುಳ್ಳ ಎರಡು ಭಾಗದ ಅಂತಿಮ ಪರೀಕ್ಷೆಯನ್ನು ವೇಳಾಪಟ್ಟಿ ಶಾಖೆಯು ನಿಗದಿಪಡಿಸಿತ್ತು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆಯ್ದು ಚಂದ್ರಿಕೆಗೆ ಬಿಡದಿದ್ದರೆ ಸೊಪ್ಪಿನ ಮೇಲೆಯೇ ನೂಲು ಚೆಲ್ಲಿ ಕೈಬಿಡುತ್ತದೆ. ಚಿಕ್ಕಲಕ್ಷ್ಮಮ್ಮನವರ ಪತಿ ಕೆಂಪಯ್ಯನವರಿಗೆ ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಮನೆಯಲ್ಲಿ ಉಳಿದ ಕೈಗಳೆಂದರೆ ಮಾವನದು, ಸೊಸೆಯದು. ಆಕೆ ಪ್ರವೇಶಪತ್ರವನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಸೆರಗು ಬಿಗಿದು ಹುಳು ಆಯಲು ಕುಳಿತರು. ಮುಂದೆ ನಡೆದುದನ್ನು ಆಕೆಯ ಹೇಳಿಕೆಯಿಂದ ಯಥಾವತ್ತಾಗಿ ದಾಖಲಿಸಿದೆ:

“ಏಳವ್ವ, ಒಳ್ಳೆ ಸೀರೆ ಉಟ್ಕೊ” ಅಂದ್ರು ಮಾವ.
“ಹುಳ ಏನ್ ಮಾಡದು? ನಿಮ್ಮೊಬ್ರ ಕೈಲಿ ಆದದಾ?”
“ಆಗಾಕಿಲ್ಲ. ಅದ್ಕೇ ಹುಳಾನ ಪರೀಕ್ಷೆ ತಾವ್ಕೇ ತತ್ತೀನಿ. ನೀನು ಒಳಗೆ ಬರಿ, ನಾನು ಹೊರಗೆ ಆಯ್ತೀನಿ. ನಡುವೆ ಬೆಲ್ ಹೊಡೆದ್ರೆ ಬಂದು ಒಸಿ ಕೈ ಹಾಕು.”
“ಜನ ನಗಾಕಿಲ್ವಾ ಮಾವ?”
“ನಗ್ಲಿ. ನಿಮ್ಮಪ್ಪನ ಮುಂದೆ ಉಪ್ಪಿಟ್ಟು ತಿಂದಿರೋನು ನಾನು.”

ಶ್ರೀ ಗಫಾರ್ ಎಂಬುವವರ ಲಗೇಜ್ ಆಟೋದಲ್ಲಿ ತಟ್ಟೆ, ಚಂದ್ರಿಕೆ, ಹಿಪ್ಪುನೇರಳೆ ಸೊಪ್ಪು ಹಾಗೂ ಸದರಿ ದೊಡ್ಡಹನುಮಯ್ಯನವರು ಪರೀಕ್ಷಾ ಕೇಂದ್ರದ ಜಗಲಿಯನ್ನು ತಲುಪಿದರು. ದಾರಿಯಲ್ಲಿ ಇದನ್ನು ಕಂಡ ಇತರೆ ಮನೆಯವರೂ ತಮ್ಮ ತಮ್ಮ ಹುಳುಗಳೊಡನೆ ಹಿಂಬಾಲಿಸಿದ್ದರಿಂದ, ಪರೀಕ್ಷೆ ಆರಂಭವಾಗುವ ವೇಳೆಗೆ ಕೇಂದ್ರದಲ್ಲಿ ಪರೀಕ್ಷಾರ್ಥಿಗಳಿಗಿಂತ ಹುಳುಗಳ ಹಾಜರಾತಿಯೇ ಹೆಚ್ಚಾಗಿತ್ತು.

ಈ ಎಲ್ಲ ಅಂಶಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ವಿಭಾಗದ ಇತರೆ ಕೋರ್ಸು ಹಾಗೂ ಕಾರ್ಯಾಗಾರಗಳಿಗೆ ಅನ್ವಯವಾಗುವಂತೆ ಈ ಕೆಳಕಂಡ ನಿಯಮಗಳನ್ನು ಎಲ್ಲ ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ.

೧. ಹುಳುಗಳಿಗೆ ಪ್ರವೇಶಪತ್ರ ನೀಡಲಾಗುವುದಿಲ್ಲ. ಕೊಠಡಿಯೊಳಗೆ ಅವುಗಳಿಗೆ ಪ್ರವೇಶವಿಲ್ಲ. ಜಗಲಿಯು ಕೊಠಡಿಯ ಭಾಗವೇ ಅಲ್ಲವೇ ಎಂಬ ಪ್ರಶ್ನೆ ಕಟ್ಟಡ ಶಾಖೆಯ ಪರಿಶೀಲನೆಯಲ್ಲಿದ್ದು, ಉತ್ತರ ಬರುವವರೆಗೆ ಜಗಲಿಯನ್ನು ಹುಳುಮನೆಯೆಂದೇ ಭಾವಿಸತಕ್ಕದ್ದು.

೨. ಇನ್ನೂ ಹಣ್ಣಾಗದ ಹುಳುಗಳು ಸೊಪ್ಪು ಮೇಯುವಾಗ ಸಣ್ಣ ಮಳೆ ಹಿಡಿದಂತೆ ಸದ್ದಾಗುತ್ತದೆ. ಇದನ್ನು ಪರೀಕ್ಷಾರ್ಥಿಗಳ ಪಿಸುಮಾತೆಂದು ತಿಳಿದ ಕೊಠಡಿ ಮೇಲ್ವಿಚಾರಕ ಶ್ರೀ ನಂಜುಂಡಯ್ಯನವರು ಗಂಟಲು ಕಟ್ಟುವವರೆಗೆ “ಸೈಲೆನ್ಸ್!” ಎಂದು ಕೂಗಿರುತ್ತಾರೆ. ಮೇವಿನ ಸದ್ದು ಸಾಮೂಹಿಕ ನಕಲು ಅಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

೩. ಹುಳುವನ್ನು ಕಂಡು ಯಾರೂ ಉದ್ಗಾರ ತೆಗೆಯತಕ್ಕದ್ದಲ್ಲ. ಸದರಿ ನಂಜುಂಡಯ್ಯನವರು ಜಗಲಿಗೆ ಬಂದು “ಅಬ್ಬಬ್ಬಾ, ಏನ್ರೀ ಇಷ್ಟೊಂದು ಹುಳ!” ಎಂದ ತಕ್ಷಣ ದೊಡ್ಡಹನುಮಯ್ಯನವರು “ಕಣ್ ಹಾಕ್ಬೇಡಿ ಸಾಮಿ, ಥೂ ಅನ್ನಿ” ಎಂದು ಪಟ್ಟು ಹಿಡಿದು ಅನ್ನಿಸಿರುತ್ತಾರೆ. ಉದ್ಗಾರ ಅನಿವಾರ್ಯವಾದಲ್ಲಿ ಹಿಂದೆಯೇ ಥೂ ಎನ್ನತಕ್ಕದ್ದು. ಇದಕ್ಕೆ ಪ್ರತ್ಯೇಕ ಭತ್ಯೆ ಇಲ್ಲ.

೪. ಜಾಗೃತ ದಳ. ದಳದ ಮುಖ್ಯಸ್ಥ ಪ್ರೊ. ವೆಂಕಟಯ್ಯನವರು ಜೀಪಿನಿಂದ ಇಳಿದು ಜಗಲಿ ಹತ್ತುವಾಗ ದೊಡ್ಡಹನುಮಯ್ಯನವರೊಡನೆ ನಡೆದ ಸಂಭಾಷಣೆಯ ಸಭ್ಯ ಭಾಗ ಈ ಕೆಳಕಂಡಂತಿದೆ:

“ನಿಂತ್ಕಳಿ ಅಲ್ಲೇ! ಕಾಲು ತೊಳೀದೆ ಬರಂಗಿಲ್ಲ.”
“ರೀ, ನಾನು ಸ್ಕ್ವಾಡು.”
“ಏನಾರ ಆಗಿರಿ. ಹುಳ ಹಣ್ಣಾಗವೆ. ಅಗೋ ಗೋಣಿತಾಟು, ಅದ್ರ ಮ್ಯಾಲೆ ಬ್ಲೀಚಿಂಗ್ ನೀರೈತೆ, ನಿಂತ್ಕಂಡ್ ಬನ್ನಿ.”
(ನಿಂತು ಬಂದರು.)
“ಥೋ, ಸೆಂಟ್ ಬೇರೆ ಹಾಕಿದೀರಾ? ಮದ್ವೆಗ್ ಬಂದಿದೀರೋ ಡ್ಯೂಟಿಗ್ ಬಂದಿದೀರೋ? ವಾಸ್ನೆ ತಗುಲಿದ್ರೆ ಹುಳ ನೂಲು ಬುಡಾಕಿಲ್ಲ.”
(ನಲ್ಲಿಯಲ್ಲಿ ಕತ್ತು ತೊಳೆದು ಬಂದರು.)
“ತಲೆ ಎಣ್ಣೆನೂ ಘಮ್ ಅಂತದೆ.”

ಈ ಕಾರಣದಿಂದ ಕೊನೆಯ ಬೆಲ್ಲು ಹೊಡೆಯುವವರೆಗೂ ದಳವು ನಲ್ಲಿಯ ಬಳಿಯೇ ಜಾಗೃತವಾಗಿತ್ತು. ಇನ್ನು ಮುಂದೆ ದಳದ ಸದಸ್ಯರು ಸೆಂಟು, ಬೀಡಿ, ಊದುಬತ್ತಿ ಹಾಗೂ ಬೆಳ್ಳುಳ್ಳಿ ಒಗ್ಗರಣೆಯಿಂದ ಮುಕ್ತರಾಗಿರುವ ಬಗ್ಗೆ ಮನೆಯವರಿಂದ ದೃಢೀಕರಣ ತರತಕ್ಕದ್ದು. ಪ್ರೊ. ವೆಂಕಟಯ್ಯನವರನ್ನು ಇದೇ ವಿಭಾಗದ “ಒತ್ತಡ ನಿರ್ವಹಣೆ” ಕಾರ್ಯಾಗಾರಕ್ಕೆ ಶುಲ್ಕವಿಲ್ಲದೆ ಸೇರಿಸಿಕೊಳ್ಳಲಾಗಿದೆ.

೫. ಸೆರಗು. ನಡುವಿನ ಬಿಡುವಿನಲ್ಲಿ ಹುಳು ಆಯ್ದು ಒಳಗೆ ಹೋಗುವ ಪರೀಕ್ಷಾರ್ಥಿಗಳು ಸೆರಗು ಕೊಡವಿಕೊಂಡೇ ಹೋಗತಕ್ಕದ್ದು. ಹಾಗೆ ಯಾರೋ ಕೊಡವದ ಕಾರಣ ಹಣ್ಣಾದ ಹುಳುವೊಂದು ಒಳಗೆ ಬಂದು, ಚಿಕ್ಕಲಕ್ಷ್ಮಮ್ಮನವರು ಕೊನೆಯ ಪ್ರಶ್ನೆಯಲ್ಲಿ ಮುಳುಗಿದ್ದಾಗ, ಅವರ ಉತ್ತರಪತ್ರಿಕೆಗೂ ಹೆಚ್ಚುವರಿ ಹಾಳೆಗೂ ನಡುವಿನ ಮೂಲೆಯನ್ನು ಮೆಚ್ಚಿ ನೂಲು ಬಿಡಲಾರಂಭಿಸಿತು. ಮೇಲ್ವಿಚಾರಕರು ಪೆನ್ನಿನಿಂದ ಅದನ್ನು ಎಬ್ಬಿಸಹೋದಾಗ ಕಿಟಕಿಯಿಂದ ದೊಡ್ಡಹನುಮಯ್ಯನವರ ಆಕ್ಷೇಪಣೆ ಬಂದಿತು:

“ಮುಟ್ಬೇಡಿ! ನೂಲು ಕಡಿದ್ರೆ ಗೂಡು ಕೆಡ್ತದೆ.”
“ಇದು ಆನ್ಸರ್ ಪೇಪರ್ ಕಣ್ರೀ!”
“ಆಗಿತ್ತು ಸಾಮಿ. ಈಗ ಅದ್ರ ಮನೆ.”

೬. ಗೂಡು ಕಟ್ಟಲು ಆರಂಭಿಸಿದ ಉತ್ತರಪತ್ರಿಕೆಯ ಕಟ್ಟನ್ನು ಕೆಲಸ ಮುಗಿಯುವವರೆಗೆ ಅಲುಗಾಡಿಸತಕ್ಕದ್ದಲ್ಲ, ಅಂಚೆಗೆ ಹಾಕತಕ್ಕದ್ದಲ್ಲ, ಅದರ ಮುಂದೆ ಜೋರಾಗಿ ಸೀನತಕ್ಕದ್ದಲ್ಲ. ಈ ಅವಧಿಯಲ್ಲಿ ಕಚೇರಿಯ ಶುಕ್ರವಾರದ ಪೂಜೆಯನ್ನು ಊದುಬತ್ತಿಯಿಲ್ಲದೆ ಮನಸ್ಸಿನಲ್ಲೇ ನೆರವೇರಿಸಲಾಯಿತು.

೭. ಉತ್ತರಪತ್ರಿಕೆಯ ಮೇಲೆ ಪರೀಕ್ಷಾರ್ಥಿಯನ್ನು ಗುರುತಿಸಬಹುದಾದ ಯಾವುದೇ ಚಿಹ್ನೆ ಇದ್ದಲ್ಲಿ ಪತ್ರಿಕೆ ರದ್ದು ಎಂಬುದು ಹಳೆಯ ನಿಯಮ. ಗೂಡು ಚಿಹ್ನೆಯೇ ಎಂಬ ಬಗ್ಗೆ ನಿಯಮಾವಳಿ ಮೌನವಾಗಿರುವುದರಿಂದ ಈ ಕೆಳಕಂಡಂತೆ ವಿವರಿಸಲಾಗಿದೆ: ಹುಳು ಪರೀಕ್ಷಾರ್ಥಿಯ ಮನೆಯದೇ ಆಗಿದ್ದಲ್ಲಿ ಗೂಡು ಗುರುತು, ಪತ್ರಿಕೆ ರದ್ದು. ಹುಳು ಅನ್ಯರದಾಗಿದ್ದಲ್ಲಿ ಅಥವಾ ಯಾರದೆಂದು ತಿಳಿಯದಿದ್ದಲ್ಲಿ ಗೂಡು ಪ್ರಕೃತಿ ವಿಕೋಪ, ಪತ್ರಿಕೆ ಸಿಂಧು.

೮. ಹುಳುವಿನ ಮೂಲ ಪತ್ತೆಗೆ ಸಮಿತಿಯೊಂದನ್ನು ರಚಿಸಲಾಯಿತು. ಚಿಟ್ಟೆ ಹೊರಬರುವ ಮುನ್ನ ವರದಿ ಸಲ್ಲಿಸಬೇಕೆಂದು ಸೂಚಿಸಿದ್ದರಿಂದ, ವಿಭಾಗದ ಇತಿಹಾಸದಲ್ಲಿ ಅವಧಿಯೊಳಗೆ ಕೆಲಸ ಮುಗಿಸಿದ ಮೊದಲ ಸಮಿತಿ ಎಂಬ ಹೆಗ್ಗಳಿಕೆ ಇದಕ್ಕೆ ಸಲ್ಲುತ್ತದೆ. ಜಗಲಿಯಲ್ಲಿದ್ದ ಹುಳುಗಳೆಲ್ಲ ಒಂದೇ ಚಾಕಿ ಕೇಂದ್ರದವಾದ್ದರಿಂದ ನೋಟಕ್ಕೆ ವ್ಯತ್ಯಾಸವಿಲ್ಲ. ಆದರೆ ಸದರಿ ದೊಡ್ಡಹನುಮಯ್ಯನವರು ಗೂಡಿನ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಬೀಗರೂಟದಲ್ಲಿ “ರಾಶಿ ಗೂಡ್ನಾಗೆ ನಂದ್ಯಾವ್ದು ಅಂತ ಕಣ್ ಮುಚ್ಕಂಡು ಹೇಳ್ತೀನಿ” ಎಂದು ಬಹುಕಾಲದಿಂದ ಸಾರುತ್ತ ಬಂದಿರುವುದು ಹೋಬಳಿಗೆಲ್ಲ ತಿಳಿದ ವಿಷಯ. ಅವರ ಈ ಸಾಮರ್ಥ್ಯವನ್ನೇ ಬಳಸಿಕೊಳ್ಳಲು ಸಮಿತಿ ನಿರ್ಧರಿಸಿ, ಊರ ಬೆಳೆಗಾರರೆಲ್ಲರ ಸಮಕ್ಷಮ ಗೂಡನ್ನು ಪತ್ರಿಕೆಸಮೇತ ಅವರ ಕೈಗೆ ಕೊಟ್ಟಿತು.

ಅವರು ಅದನ್ನು ಬೆಳಕಿಗೆ ಹಿಡಿದರು. ಹೆಬ್ಬೆರಳಿನಲ್ಲಿ ಅದುಮಿದರು. ಕಿವಿಯ ಬಳಿ ಮೆಲ್ಲಗೆ ಅಲುಗಿಸಿ ಆಲಿಸಿದರು. ಬಳಿಕ ಕೆಳಗಿಡಲಿಲ್ಲ.

ಅದೇ ತಂಡದ ವಿದ್ಯಾರ್ಥಿನಿ, ರಾಮನಗರದಲ್ಲಿ ನೂಲು ಬಿಚ್ಚುವ ಮನೆತನದ ಶ್ರೀಮತಿ ಬಿಸ್ಮಿಲ್ಲಾ ಅವರು ಸಾಕ್ಷಿ ಹೇಳಲು ಬಂದವರು ಇಣುಕಿ ನೋಡಿ, ಕೇಳದೆಯೇ ಹೇಳಿಕೆ ನೀಡಿದರು: “ಯಾ ಅಲ್ಲಾ! ಏನ್ ಗೂಡು ಅಕ್ಕಾ ಇದು, ಕಲ್ಲಿದ್ದಂಗೈತೆ! ಇಂಥದು ಮಾರ್ಕೆಟ್ಟಿಗೆ ಬಂದ್ರೆ ನಮ್ಮ ಅಬ್ಬಾ ಬೇರೆಯವರ್ಗೆ ಕೂಗಾಕೇ ಬಿಡಲ್ಲ.” (ಸಮಿತಿಯ ಮುಂದೆ ಗೂಡು ಹರಾಜು ಕೂಗುವುದನ್ನು ಈ ಮೂಲಕ ನಿಷೇಧಿಸಲಾಗಿದೆ.) ಈ ಮಾತಿಗೆ ದೊಡ್ಡಹನುಮಯ್ಯನವರ ಮೀಸೆ ತಾನಾಗಿಯೇ ಮೇಲೆದ್ದದ್ದನ್ನೂ, ಅವರು ಬಾಯಿ ತೆರೆದದ್ದನ್ನೂ ನಡವಳಿಯಲ್ಲಿ ದಾಖಲಿಸಿದೆ.

ಆಗ ಅವರ ದೃಷ್ಟಿ ಗೋಡೆಯ ಬಳಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದ ಸೊಸೆಯ ಮೇಲೆ ಬಿದ್ದಿತು. ಬಾಯಿ ಮುಚ್ಚಿದರು.

“ಈ ಗೂಡು ನಿಮ್ಮದೇನ್ರೀ?” ಎಂದು ಅಧ್ಯಕ್ಷರು ಕೇಳಿದರು.
“ನಮ್ದಲ್ಲ ಸಾಮಿ.”
“ಖಾತ್ರಿಯಾಗಿ ಹೇಳ್ತೀರಾ?”
“ನಮ್ಮನೆ ಗೂಡು ಇಷ್ಟು ಗಟ್ಟಿ ಬರಾಕಿಲ್ಲ. ನಮ್ದು ಒಸಿ ಜೊಳ್ಳು.”

ನಂತರ ಬೆಳೆಗಾರ್ತಿ ಮಾರಕ್ಕನವರು “ಏನಣ್ಣೋ, ಅಂತೂ ಇಂತೂ ಒಪ್ಕಂಡ್ಬುಟ್ಟೆ! ನಾವು ಅಂದ್ರೆ ಹೊಡ್ಯಾಕ್ ಬತ್ತಿದ್ದೆ” ಎಂದು ಕೈ ತಟ್ಟಿದರು. ಎಲ್ಲರೂ ನಕ್ಕರು. ಚಿಕ್ಕಲಕ್ಷ್ಮಮ್ಮನವರು ನಗಲಿಲ್ಲ. ದೊಡ್ಡಹನುಮಯ್ಯನವರು ಗೂಡನ್ನು ಮೇಜಿನ ಮೇಲೆ ಎರಡೂ ಕೈಯಲ್ಲಿ ಇಟ್ಟು, ಬಾಯಾರಿದೆಯೆಂದು ಹೇಳಿ ನಲ್ಲಿಯ ಕಡೆ ಹೋದರು. ಅವರು ನೀರು ಕುಡಿದದ್ದನ್ನು ಯಾರೂ ನೋಡಿಲ್ಲ.

೯. ಮೇಲ್ಕಂಡ ಹೇಳಿಕೆಯ ಮೇರೆಗೆ ಸದರಿ ಗೂಡನ್ನು ಪ್ರಕೃತಿ ವಿಕೋಪವೆಂದು ಘೋಷಿಸಿ, ಪತ್ರಿಕೆಯನ್ನು ಸಿಂಧುಗೊಳಿಸಿ, ಮೌಲ್ಯಮಾಪನ ಮಾಡಿಸಲಾಗಿದೆ. ಗೂಡಿನ ಅಡಿಯಲ್ಲಿ ಮುಚ್ಚಿಹೋದ “ಕೆಲಸಗಳನ್ನು ಮುಂದೂಡುವುದರ ದುಷ್ಪರಿಣಾಮಗಳು” ಎಂಬ ಉತ್ತರಕ್ಕೆ ಸರಾಸರಿ ಅಂಕ ನೀಡಲಾಗಿದೆ. ಪರೀಕ್ಷಾರ್ಥಿಯು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಗಿರುತ್ತಾರೆ.

೧೦. ಈ ನಿಯಮಗಳು ಕಂಬಳಿಹುಳು, ಜಿರಲೆ ಮತ್ತು ಅತಿಥಿ ಉಪನ್ಯಾಸಕರಿಗೆ ಅನ್ವಯಿಸುವುದಿಲ್ಲ.

ಸಹಿ/-
(ಕೈ ತೊಳೆದ ನಂತರ)
ಪ್ರಭಾರ ಉಪನಿರ್ದೇಶಕರು
ಮುಂದುವರಿಕೆ ಶಿಕ್ಷಣ ವಿಭಾಗ

ಪ್ರತಿಗಳು:

ಚಾಕಿ ಕೇಂದ್ರದ ಮಾಲೀಕರಿಗೆ. ಮುಂದಿನ ಪರೀಕ್ಷೆಗಳ ದಿನಾಂಕವನ್ನು ತಮ್ಮನ್ನು ಕೇಳಿಯೇ ಗೊತ್ತುಮಾಡಲಾಗುವುದು.

ಪ್ರೊ. ವೆಂಕಟಯ್ಯನವರಿಗೆ. ಪ್ಯಾಂಟಿನ ಬಣ್ಣ ಹೋದ ಬಗ್ಗೆ ಪ್ರತ್ಯೇಕ ಅರ್ಜಿ ಸಲ್ಲಿಸುವುದು. ಪ್ಯಾಂಟನ್ನು ಲಗತ್ತಿಸುವ ಅಗತ್ಯವಿಲ್ಲ.

ಶ್ರೀ ಗಫಾರ್, ಲಗೇಜ್ ಆಟೋ. ಜಗಲಿಯಲ್ಲಿ ಉಳಿದುಹೋಗಿರುವ ಒಂದು ಚಂದ್ರಿಕೆಯನ್ನು ಒಯ್ಯಲು ಕೋರಿಕೆ. ಕಟ್ಟಡ ಶಾಖೆಯವರು ಅದನ್ನು ಸೂಚನಾಫಲಕವೆಂದು ಬಳಸಲಾರಂಭಿಸಿದ್ದಾರೆ.

ಶ್ರೀಮತಿ ಚಿಕ್ಕಲಕ್ಷ್ಮಮ್ಮನವರಿಗೆ, ಮೂಲ ಪ್ರಮಾಣಪತ್ರದೊಂದಿಗೆ.

ಶ್ರೀ ದೊಡ್ಡಹನುಮಯ್ಯನವರಿಗೆ, ಮಾಹಿತಿಗಾಗಿ. ಉಲ್ಲೇಖ (೧)ರ ಭರವಸೆ ಈಡೇರಿದೆ.